ಒಂದು ಡಬ್ಬಿ ಗುಂಡು ತರಲು ಹೋದವನು

ನಲವತ್ತೆರಡು ಮಕ್ಕಳು ಬೆನ್ನ ಹಿಂದೆ ಒಂದೇ ಸಮನೆ ಕಿರುಚುತ್ತಿದ್ದರೂ ರಸ್ತೆಯಿಂದ ಕಣ್ಣು ಕೀಳದೆ ಹತ್ತೊಂಬತ್ತು ವರ್ಷ ಶಾಲೆಯ ಬಸ್ಸು ಓಡಿಸಿದವನು ನಾನು. ಹಿಮ ಬಿದ್ದ ಇಳಿಜಾರಿನಲ್ಲೂ ಕೈ ನಡುಗಿದ್ದಿಲ್ಲ. ಇಂಥ ನಾನು ಜನರ ಗದ್ದಲ ನೋಡಿ ತಲೆ ಕೆಡಿಸಿಕೊಳ್ಳುತ್ತೇನೆಯೇ? ಇಡೀ ಪೆನ್ಸಿಲ್ವೇನಿಯಾ ಹುಚ್ಚೆದ್ದು ಕುಣಿದರೂ ಈ ಹಾರ್ಲನ್ ಶುಪ್ ಮಾತ್ರ ಕುಣಿಯುವುದಿಲ್ಲ ಎಂದು ಆ ಶನಿವಾರ ಬೆಳಿಗ್ಗೆ ಹೆಂಡತಿ ವರ್ನಾಳ ಮುಂದೆ ಎದೆ ತಟ್ಟಿಕೊಂಡು ಘೋಷಿಸಿದೆ. ಅವಳು ಕಾಫಿ ಕುಡಿಯುತ್ತಿದ್ದಳು. ಲೋಟದಿಂದ ಮುಖ ಎತ್ತಲಿಲ್ಲ.

ಚುನಾವಣೆ ಮುಗಿದು ಮೂರು ವಾರವಾಗಿತ್ತು. ಹೊಸಬರು ಬಂದು ಬಂದೂಕಿನ ಮೇಲೆ ಕಾನೂನು ತರುತ್ತಾರೆ ಎಂದು ಸುದ್ದಿ. ಆ ಕಾನೂನನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ, ಆದರೆ ಕ್ಷೌರದಂಗಡಿಯಲ್ಲಿ ಕುಳಿತವರೆಲ್ಲ ಅದರ ಒಂದೊಂದು ಸಾಲನ್ನೂ ಬಾಯಿಪಾಠ ಒಪ್ಪಿಸುತ್ತಿದ್ದರು! ಊರಿನ ಅಂಗಡಿಗಳಲ್ಲಿ ಗುಂಡಿಡುವ ಕಪಾಟುಗಳು ಗುಡಿಸಿಟ್ಟ ಹಾಗೆ ಖಾಲಿ. ನನಗೆ ಮೈಯೆಲ್ಲ ಉರಿ. ಕಾನೂನು ತರುತ್ತೇವೆ ಎನ್ನುವವರ ಮೇಲೆ ಉರಿ, ತರುತ್ತಾರೆ ಎಂದು ಟೀವಿಯಲ್ಲಿ ಬೊಬ್ಬೆ ಹೊಡೆಯುವವರ ಮೇಲೆ ಉರಿ, ಆ ಬೊಬ್ಬೆ ಕೇಳಿ ಓಡುವವರ ಮೇಲೆ ಇನ್ನೂ ಉರಿ. ಕೋಪದ ವಿಷಯದಲ್ಲಿ ನಾನು ಯಾರಿಗೂ ಭೇದ ಮಾಡಿದವನಲ್ಲ.

ನಮಗೆ ಬೇಕಾಗಿದ್ದುದು ಮೂವತ್ತೈದರ ಅಳತೆಯ ಗುಂಡು, ಒಂದೇ ಒಂದು ಡಬ್ಬಿ. ಸೋಮವಾರ ಜಿಂಕೆ ಬೇಟೆಯ ಮೊದಲ ದಿನ. ಆ ದಿನ ನಮ್ಮ ಕಡೆ ಶಾಲೆಗೇ ರಜೆ, ಹಾಗಾಗಿ ನನ್ನ ಬಸ್ಸಿಗೂ ರಜೆ. ಮಗಳು ಕೆಂಡ್ರಾಗೆ ಈ ವರ್ಷ ಹನ್ನೆರಡು ತುಂಬಿತ್ತು, ಕಾಡಿಗೆ ಹೋಗಲು ಪರವಾನಗಿ ಬಂದಿತ್ತು. ಬೇಟೆ ನಮ್ಮ ಮನೆಯಲ್ಲಿ ವರ್ನಾಳ ಇಲಾಖೆ. ನಾನು ಮಾಂಸ ಕತ್ತರಿಸುವವನು, ಉಪ್ಪು ಸಾಲದು ಎನ್ನುವವನು. ವರ್ನಾಳ ಅಪ್ಪ ಮೇ ತಿಂಗಳಲ್ಲಿ ತೀರಿಕೊಂಡರು. ಹೋಗುವ ಮುಂಚಿನ ಚಳಿಗಾಲದಲ್ಲಿ, ಉಸಿರಾಟಕ್ಕೆ ಮೂಗಿಗೆ ಕೊಳವೆ ಹಾಕಿಕೊಂಡೇ, ತಮ್ಮ ಹಳೆಯ ರೈಫಲ್ಲಿನ ಮರದ ಹಿಡಿಯನ್ನು ಎರಡು ಇಂಚು ಗರಗಸದಿಂದ ಕತ್ತರಿಸಿ, ಉಜ್ಜಿ, ಎಣ್ಣೆ ಹಚ್ಚಿ, ಮೊಮ್ಮಗಳ ಭುಜಕ್ಕೆ ಸರಿಯಾಗಿ ಕೂರುವಂತೆ ಮಾಡಿಟ್ಟಿದ್ದರು. ಮನೆಯಲ್ಲಿರುವ ಬೇರೆ ಯಾವ ಬಂದೂಕೂ ಆ ಹುಡುಗಿಯ ಕೈಗೆ ಹೊಂದುವುದಿಲ್ಲ.

"ಬಂದೂಕನ್ನೇ ಜೊತೆಗೆ ತಗೊಂಡ್ ಹೋಗು," ಎಂದಳು ವರ್ನಾ. ಹೋದ ವರ್ಷ ನಾನು ಬೇರೆ ಅಳತೆಯ ಗುಂಡು ತಂದಿದ್ದನ್ನು ಅವಳು ಮರೆತಿಲ್ಲ, ಮರೆಯುವ ಯೋಚನೆಯೂ ಇಲ್ಲ. "ತೋರ್ಸು, ಇದಕ್ಕೆ ಆಗೋದು ಒಂದು ಡಬ್ಬಿ ಕೊಡಿ ಅನ್ನು, ತಗೊಂಡು ಬಾ. ಬೇರೆ ಏನನ್ನೂ ಮುಟ್ಟಬೇಡ."

"ನನ್ನನ್ನ ಏನಂದ್ಕೊಂಡಿದೀಯ?" ಎಂದೆ.

"ಅದನ್ನೇ ಹೇಳಿದ್ದು," ಎಂದಳು.

ಬಂದೂಕಿನ ಸಂತೆ ನಡೆಯುವುದು ಜಿಲ್ಲಾ ಮೈದಾನದಲ್ಲಿ, ದನಗಳ ಪ್ರದರ್ಶನ ಮಾಡುವ ದೊಡ್ಡ ಕೊಟ್ಟಿಗೆಯಲ್ಲಿ. ಬೇರೆ ವರ್ಷಗಳಲ್ಲಿ ಅಲ್ಲಿ ನಾಲ್ಕು ಮುದುಕರು ಕುರ್ಚಿ ಹಾಕಿಕೊಂಡು ತೂಕಡಿಸುತ್ತಿರುತ್ತಾರೆ. ಆ ದಿನ ಸಾಲು ಕೊಟ್ಟಿಗೆಗೆ ಒಂದು ಸುತ್ತು ಹಾಕಿ ಹಂದಿಗಳ ಗೂಡಿನತನಕ ಹೋಗಿತ್ತು. ಒಂದೂವರೆ ಗಂಟೆ ಚಳಿಯಲ್ಲಿ ನಿಂತೆ. ಹಿಂದಿನವನು ನನ್ನ ಹಿಮ್ಮಡಿ ತುಳಿದ, ಮುಂದಿನವಳು ತನ್ನ ಮೂವರು ಮೈದುನರನ್ನು ಮಧ್ಯೆ ಸೇರಿಸಿಕೊಂಡಳು. ಇವರಿಗೆಲ್ಲ ಬುದ್ಧಿ ಇದೆಯೇ ಎಂದು ಗಟ್ಟಿಯಾಗಿ ಕೇಳಿದೆ. ಸಾಲಿನಲ್ಲಿದ್ದ ಎಲ್ಲರೂ ನನ್ನ ಮಾತು ನಿಜವೆಂದು ತಲೆಯಾಡಿಸಿದರು, ಪ್ರತಿಯೊಬ್ಬನೂ ಪಕ್ಕದವನನ್ನು ನೋಡುತ್ತ.

ಬಾಗಿಲಲ್ಲಿ ಕಾವಲಿನವನು ನನ್ನ ಹೆಗಲಿನ ಬಂದೂಕು ಖಾಲಿ ಇದೆಯೇ ನೋಡಿ, ಗುಂಡು ಹಾರದಂತೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಒಳಗೆ ಬಿಟ್ಟ. ಮಾರಲು ಬಂದವರು ನಳಿಗೆಯೊಳಗೆ ಒಂದು ಕಡ್ಡಿ ಸಿಕ್ಕಿಸಿ, ಅದರ ತುದಿಗೆ ಬೆಲೆ ಬರೆದ ಚೀಟಿ ಅಂಟಿಸಿಕೊಂಡು ಓಡಾಡುತ್ತಿದ್ದರು. ಅದು ನಮ್ಮ ಸಂತೆಗಳ ಪದ್ಧತಿ: ಚೀಟಿ ಇದ್ದರೆ ಮಾರಾಟಕ್ಕಿದೆ, ಇಲ್ಲದಿದ್ದರೆ ಕೇಳಬೇಡ. ನನ್ನದಕ್ಕೆ ಚೀಟಿ ಇರಲಿಲ್ಲ. ಇದನ್ನು ದಯವಿಟ್ಟು ನೆನಪಿಡಿ, ಮುಂದೆ ನನ್ನ ಪರವಾಗಿ ಹೇಳಲು ಇದೊಂದೇ ಉಳಿಯುತ್ತದೆ.

ನಮಗೆ ಬೇಕಾದ ಗುಂಡು ಹನ್ನೊಂದು ಮೇಜುಗಳಲ್ಲೂ ಇಲ್ಲ. ಹನ್ನೆರಡನೆಯವನು ಇದ್ದದ್ದೆಲ್ಲ ಬೆಳಿಗ್ಗೆಯೇ ಒಬ್ಬ ಹೊತ್ತುಕೊಂಡು ಹೋದ ಎಂದ. ಅವನ ಹತ್ತಿರ ಅಷ್ಟೊಂದು ಬಂದೂಕು ಇದೆಯೇ ಎಂದು ಕೇಳಿದೆ. ಒಂದೂ ಇಲ್ಲವಂತೆ, ಇರಲಿ ಅಂತ ತಗೊಂಡನಂತೆ! ನನಗೆ ರಕ್ತ ಕುದಿಯಿತು. ಅಂಥವನನ್ನು ಹಂದಿಗೂಡಿನಲ್ಲಿ ಕೂಡಿಹಾಕಬೇಕು ಎಂದು ಮೇಜು ಗುದ್ದಿ ಭಾಷಣ ಮಾಡಿದೆ.

ಭಾಷಣ ಮುಗಿಯುವ ಮುಂಚೆಯೇ ಯಾರೋ ಎರಡು ಪೆಟ್ಟಿಗೆ ಹೊತ್ತು ಓಡಿದ. ಅವನು ಓಡಿದ್ದಕ್ಕೆ ನಾಲ್ವರು ಓಡಿದರು. ಸೋಮವಾರದಿಂದ ಮಾರಾಟವೇ ಬಂದ್ ಅಂತೆ ಎಂದು ಟೋಪಿಯವನೊಬ್ಬ ಕೂಗಿದ. ಎಲ್ಲರೂ ಓಡಿದರು. ನಾನೂ ಓಡಿದೆ. ಯಾಕೆ ಓಡಿದೆ ಎಂದು ಇಂದಿಗೂ ಗೊತ್ತಿಲ್ಲ. ನಿಂತಿದ್ದರೆ ನಾನೊಬ್ಬನೇ ನಿಂತಿರುತ್ತಿದ್ದೆ, ಅಷ್ಟೇ ಕಾರಣ. ಓಡಿದ ಕಡೆ ಮೇಜಿನ ಮೇಲೆ ಒಂದೇ ಪೆಟ್ಟಿಗೆ ಉಳಿದಿತ್ತು. ಅದನ್ನು ಒಬ್ಬ ಗಡ್ಡದವನು ಹಿಡಿದ. ಅವನು ಹಿಡಿಯುವತನಕ ಆ ಪೆಟ್ಟಿಗೆ ನನಗೆ ಬೇಕಿರಲಿಲ್ಲ. ಹಿಡಿದದ್ದೇ ತಡ, ನನ್ನ ಅಪ್ಪನ ಆಸ್ತಿಯನ್ನೇ ಅವನು ಕಿತ್ತುಕೊಂಡಂತಾಯಿತು! ಅವನು ಎಳೆದ, ನಾನು ಎಳೆದೆ. ನನ್ನದು ಬಸ್ಸಿನ ಸ್ಟೀರಿಂಗ್ ತಿರುಗಿಸಿದ ತೋಳು. ಗೆದ್ದೆ. ದುಡ್ಡು ಕೊಟ್ಟು ಪೆಟ್ಟಿಗೆ ಅಪ್ಪಿಕೊಂಡೆ. ಸಾವಿರ ಗುಂಡು! ಯಾವ ಬಂದೂಕಿಗೆ ಎಂದು ಆಮೇಲೆ ಓದಿ ನೋಡಿದೆ. ನಮ್ಮ ಮನೆಯಲ್ಲಿಲ್ಲದ ಬಂದೂಕಿಗೆ.

ಬಂದೂಕಿಲ್ಲದೆ ಗುಂಡು ಕೊಳ್ಳುವವನನ್ನು ಎಲ್ಲಿ ಕೂಡಿಹಾಕಬೇಕೆಂದು ನಾನೇ ಈಗಷ್ಟೆ ತೀರ್ಪು ಕೊಟ್ಟಿದ್ದೇನೆ. ಹಂದಿಗೂಡು ತಪ್ಪಿಸಿಕೊಳ್ಳಲು ಉಳಿದದ್ದು ಒಂದೇ ದಾರಿ, ಬಂದೂಕು ಕೊಳ್ಳುವುದು. ಪಕ್ಕದ ಮೇಜಿನ ವ್ಯಾಪಾರಿ ಕ್ಲೀಟ್ ಬಾರ್ಗರನ ಬಳಿ ಅದಕ್ಕೆ ಹೊಂದುವ ಕರೀ ರೈಫಲ್ ಒಂದೇ ಒಂದು ಇತ್ತು. ಟ್ರಿಗರ್ ಒತ್ತಿದಷ್ಟು ಸಲವೂ ತಾನೇ ಮುಂದಿನ ಗುಂಡು ತುಂಬಿಕೊಳ್ಳುವಂಥದು. ನನ್ನ ಜೇಬು ಪೆಟ್ಟಿಗೆಗೇ ಬರಿದಾಗಿತ್ತು. ಕ್ಲೀಟ್ ನನ್ನ ಹೆಗಲ ಕಡೆ ನೋಡಿದ.

"ಆ ಹಳೇದನ್ನ ಬದಲಿಗೆ ಕೊಡೋದಾದ್ರೆ ನೋಡೋಣ," ಎಂದ. ಕೈಗೆ ತೆಗೆದುಕೊಂಡು ತಿರುಗಿಸಿ ಮೂಗು ಮುರಿದ. "ಹಿಡಿ ಕತ್ತರಿಸಿ ಹಾಳು ಮಾಡಿದಾರಲ್ಲ ಸ್ವಾಮಿ. ಉಳಿದ ದುಡ್ಡನ್ನ ಮುಂದಿನ ತಿಂಗಳು ಕೊಡಿ."

ನಾನು ಚೌಕಾಸಿ ಕೂಡ ಮಾಡಲಿಲ್ಲ. ಅರ್ಜಿ ತುಂಬಿಸಿಕೊಂಡರು. ನಾನು ಕಳ್ಳನೋ ಕೊಲೆಗಾರನೋ ಎಂದು ಮಾರುವವರು ರಾಜ್ಯದ ಪೊಲೀಸರನ್ನು ಫೋನಿನಲ್ಲಿ ವಿಚಾರಿಸಬೇಕು, ಎಲ್ಲೆಡೆಯಿಂದಲೂ ಕರೆಯಾದ್ದರಿಂದ ಲೈನು ಸಿಗಲು ಮೂರು ಗಂಟೆ ಹಿಡಿಯಿತು. ಅಂದರೆ ಸರ್ಕಾರ ನನಗೆ ಬುದ್ಧಿ ಬರಲಿ ಎಂದು ಮೂರು ಗಂಟೆ ಕಾಲಾವಕಾಶ ಕೊಟ್ಟಿತು! ಅದರಲ್ಲಿ ನಾನು ಎರಡು ಹಾಟ್ ಡಾಗ್ ತಿಂದು, ಸರ್ಕಾರವನ್ನು ಬೈದೆ. ಕೊನೆಗೆ ನಾನು ಕಳ್ಳನೂ ಅಲ್ಲ, ಕೊಲೆಗಾರನೂ ಅಲ್ಲ ಎಂದು ಉತ್ತರ ಬಂತು. ಮೂರ್ಖನೋ ಎಂದು ವಿಚಾರಿಸುವ ಪದ್ಧತಿ ಇಲ್ಲ.

ಮನೆಗೆ ಬಂದಾಗ ಕೆಂಡ್ರಾ ಅಡುಗೆಮನೆಯಲ್ಲಿ ಬೇಟೆಯ ಕಿತ್ತಳೆ ಬಣ್ಣದ ಹೊಸ ಅಂಗಿ ತೊಟ್ಟು ನಿಂತಿದ್ದಳು. ಸೋಮವಾರಕ್ಕೆ ಎರಡು ದಿನ ಮೊದಲೇ. ನಾನು ಕರೀ ರೈಫಲ್ಲನ್ನು ಮೇಜಿನ ಮೇಲಿಟ್ಟು, ಕೊಟ್ಟಿಗೆಯಲ್ಲಿದ್ದ ಕೊನೆಯದು ಎಂದು ಹೆಮ್ಮೆಯಿಂದ ಹೇಳಿದೆ. ವರ್ನಾ ನನ್ನ ಹೆಗಲು ನೋಡಿದಳು, ಬಾಗಿಲ ಹಿಂದೆ ನೋಡಿದಳು, ಹೊರಗೆ ಹೋಗಿ ಗಾಡಿಯೊಳಗೆ ನೋಡಿಬಂದಳು.

"ಅಪ್ಪನ ಬಂದೂಕು ಎಲ್ಲಿ?"

ಹೇಳಿದೆ. ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಬದುಕುತ್ತಿದ್ದೆ.

"ಇದರಲ್ಲಿ ಏನು ಹೊಡೀತೀಯ?" ಎಂದಳು ತಣ್ಣಗೆ.

"ಏನು ಅಂದ್ರೆ? ಜಿಂಕೆ."

"ತಾನೇ ತುಂಬಿಕೊಳ್ಳೋ ರೈಫಲ್ಲಲ್ಲಿ ಜಿಂಕೆ ಹೊಡೆಯೋದು ನಮ್ಮ ರಾಜ್ಯದಲ್ಲಿ ಅಪರಾಧ. ನೀನು ಹುಟ್ಟೋಕೆ ಮುಂಚಿನಿಂದಲೂ. ಇನ್ನೂ ಬರದೇ ಇರೋ ಕಾನೂನಿಗೆ ಹೆದರಿ ಓಡ್ದೆ, ಇರೋ ಕಾನೂನು ನೆನಪಾಗ್ಲಿಲ್ವಾ ಹಾರ್ಲನ್?"

ಇದು ನಮ್ಮ ಕಡೆಯ ಹಸುಳೆಗೂ ಗೊತ್ತು. ನನಗೂ ಗೊತ್ತಿತ್ತು. ಕೆಂಡ್ರಾ ಕಿತ್ತಳೆ ಅಂಗಿ ಬಿಚ್ಚಿ, ನಾಲ್ಕು ಮಡಿಕೆ ಮಡಿಚಿ, ಕುರ್ಚಿಯ ಮೇಲಿಟ್ಟು ತನ್ನ ಕೋಣೆಗೆ ಹೋದಳು. ಆ ಟೋಪಿಯವನ ಮೇಲೆ, ಗಡ್ಡದವನ ಮೇಲೆ, ಕ್ಲೀಟನ ಮೇಲೆ ಬೆಳಗಿನಿಂದ ಸುರಿದ ಕೋಪವೆಲ್ಲ ಒಟ್ಟಾಗಿ ನನ್ನ ಮೇಲೇ ತಿರುಗಿತು. ನನಗೆ ನನ್ನ ಮೇಲೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ವರ್ನಾ ಸಂಜೆಯೆಲ್ಲ ಅಣ್ಣನಿಗೆ, ನೆರೆಯವರಿಗೆ ಫೋನು ಮಾಡಿದಳು. ಆ ಅಳತೆಯ ಗುಂಡು ಯಾರ ಮನೆಯಲ್ಲೂ ಇಲ್ಲ.

ಭಾನುವಾರ ಸಂತೆಯ ಕೊನೆಯ ದಿನ, ನಾಲ್ಕು ಗಂಟೆಗೆ ಮುಚ್ಚುತ್ತದೆ. ಬೆಳಿಗ್ಗೆ ವರ್ನಾ ಅಡುಗೆಮನೆಯಲ್ಲಿ ಮಾಂಸ ಸುಡುವ ಕಡ್ಡಿಗಳಿಗೆ ಚೀಟಿ ಅಂಟಿಸುತ್ತಿದ್ದಳು. ಒಂದನ್ನು ಕರೀ ರೈಫಲ್ಲಿಗೆ ಸಿಕ್ಕಿಸಿದಳು. ಇನ್ನೊಂದು ಯಾತಕ್ಕೆ ಎಂದು ಕೇಳಿದೆ. "ಬೇಕಾಗತ್ತೆ," ಎಂದಳು. ಹಿಂದಿನ ಸಂಜೆಯಿಂದ ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಮೈದಾನದಲ್ಲಿ ಗಾಡಿಯಿಂದ ಇಳಿದಾಗ ನಾನು ಪೆಟ್ಟಿಗೆ ಹೊತ್ತುಕೊಂಡೆ. ವರ್ನಾ ಹಿಂದಿನಿಂದ ಬಂದು ನನ್ನ ಕಂದು ಕೋಟಿನ ಕಾಲರು ಸರಿಮಾಡಿ ಬೆನ್ನು ತಟ್ಟಿದಳು. ಎಂಥ ಹೆಂಡತಿ! ಇಷ್ಟಾದರೂ ಕ್ಷಮಿಸಿದಳಲ್ಲ ಎಂದುಕೊಂಡೆ.

ಒಳಗೆ ನೂಕುನುಗ್ಗಲು ನಿನ್ನೆಗಿಂತ ಜಾಸ್ತಿ. ಅವಧಿ ಮುಗಿದ ಸೈನ್ಯದ ಊಟದ ಪೊಟ್ಟಣ, ತುಕ್ಕು ಹಿಡಿದ ಚಾಕು, ಗುಂಡಿಲ್ಲದ ಖಾಲಿ ಡಬ್ಬಿ, ಏನಿಟ್ಟರೂ ಜನ ಕೊಳ್ಳುತ್ತಿದ್ದರು. ನನ್ನ ಬೆನ್ನ ಹಿಂದೆ ಮಾತ್ರ ಯಾಕೋ ನಗು. ತಿರುಗಿದರೆ ಎಲ್ಲರೂ ಬೇರೆ ಕಡೆ ನೋಡುವವರು. ಸರದಿ ಮುರಿಯುವುದಲ್ಲದೆ ಹಲ್ಲು ಬೇರೆ ಕಿಸಿಯುತ್ತಾರಲ್ಲ ಎಂದು ನನಗೆ ಇನ್ನಷ್ಟು ಕೋಪ ಬಂತು.

ಕ್ಲೀಟನ ಮೇಜಿನ ಮೇಲೆ ಮಾವನ ರೈಫಲ್ ಹಾಗೇ ಇತ್ತು. ಎರಡು ದಿನ ಸಾವಿರಾರು ಜನ ದಾಟಿ ಹೋಗಿದ್ದರು, ಒಬ್ಬರೂ ಕೊಂಡಿರಲಿಲ್ಲ. ಕತ್ತರಿಸಿದ ಹಿಡಿ ದೊಡ್ಡವರ ಭುಜಕ್ಕೆ ಕೂರುವುದಿಲ್ಲವಲ್ಲ. ಮಾವ ಗರಗಸ ಹಿಡಿದು ಮೊಮ್ಮಗಳಿಗಾಗಿ ಮಾಡಿದ ಕೆಲಸವೇ ಅದನ್ನು ಉಳಿಸಿತ್ತು. ವರ್ನಾ ಆ ಮರದ ಮೇಲೆ ಒಂದು ಸಲ ಕೈಯಾಡಿಸಿದಳು. ನಾನು ನೆಲ ನೋಡಿದೆ.

ಕ್ಲೀಟ್ ಸುಲಭಕ್ಕೆ ಬಗ್ಗಲಿಲ್ಲ. ಕರೀ ರೈಫಲ್ಲನ್ನೂ ಸಾವಿರ ಗುಂಡನ್ನೂ ಎರಡನ್ನೂ ಕೊಟ್ಟರೆ ಹಳೆಯದನ್ನು ಬಿಡುತ್ತೇನೆ ಎಂದ. ನಾನು ಬಾಯಿ ತೆರೆದೆ. ವರ್ನಾ ನೋಡಿದಳು, ಮುಚ್ಚಿದೆ. ಈಗ ಅವಳ ಅರ್ಜಿ, ಮತ್ತೆ ಅದೇ ಫೋನು. ಗಂಟೆ ಒಂದಾಯಿತು, ಎರಡಾಯಿತು, ಮೂರಾಯಿತು. ನಾನು ಫೋನಿನವನ ಮುಂದೆ ಸಾಲು ಕಾಯುತ್ತ ನಿಂತಿದ್ದೆ.

ಆಗ ಹೆಗಲಿಗೆ ಪಟ್ಟಿ ಏರಿಸಿದ ಪ್ಯಾಂಟಿನ ಮುದುಕರೊಬ್ಬರು ನನ್ನ ಹಿಂದೆ ನಿಂತು ಕನ್ನಡಕ ಏರಿಸಿ ಏನೋ ಓದಿದರು. ಸೀದಾ ವರ್ನಾಳ ಬಳಿ ಹೋಗಿ ಏನೋ ಕೇಳಿದರು. ಅವಳು ತಲೆಯಾಡಿಸಿ ಏನೋ ಹೇಳಿದಳು. ಮುದುಕರು ಕೆಮ್ಮು ಬರುವಷ್ಟು ನಕ್ಕು, ಜೇಬಿಗೆ ಕೈಹಾಕಿ ಐದು ಗುಂಡು ತೆಗೆದು ಅವಳ ಅಂಗೈಯಲ್ಲಿಟ್ಟರು. ನಮಗೆ ಬೇಕಾದ ಅಳತೆಯವೇ! ಹೋಗುವಾಗ ನನ್ನ ಭುಜ ತಟ್ಟಿ, "ಬೇಜಾರು ಮಾಡ್ಕೋಬೇಡಪ್ಪ," ಎಂದರು. ಗುಂಡು ಕೊಟ್ಟವರು ಅವರು, ನಾನೇಕೆ ಬೇಜಾರು ಮಾಡಿಕೊಳ್ಳಲಿ ಎಂದುಕೊಂಡೆ. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಫೋನಿನವನು ಆಗಬಹುದು ಎಂದು ಕೈ ಎತ್ತಿದ.

ಸೋಮವಾರ ಬೆಳಿಗ್ಗೆ ಏಳೂವರೆಗೆ, ತಾಯಿ ಮಗಳು ಹತ್ತಿ ಹೋಗಿದ್ದ ಗುಡ್ಡದ ಕಡೆಯಿಂದ ಒಂದೇ ಒಂದು ಗುಂಡಿನ ಸದ್ದು ಕೇಳಿತು. ಎರಡನೆಯದು ಬೇಕಾಗಲಿಲ್ಲ. ನಾನು ಗುಡ್ಡದ ಕೆಳಗೆ ಗಾಡಿಯಲ್ಲಿ ಕುಳಿತೇ ಅತ್ತುಬಿಟ್ಟೆ, ಹೇಳಲು ನಾಚಿಕೆಯಿಲ್ಲ. ಜಿಂಕೆಯನ್ನು ಎಳೆದು ತರಲು ಕೈಗೆ ಸಿಕ್ಕ ಕಂದು ಕೋಟನ್ನೇ ತೊಟ್ಟು, ಅದರ ಮೇಲೆ ಕಿತ್ತಳೆ ಅಂಗಿ ಏರಿಸಲು ಹೊರಟೆ. ಅಮ್ಮನ ಜೊತೆ ನನ್ನನ್ನು ಕರೆಯಲು ಇಳಿದು ಬಂದ ಕೆಂಡ್ರಾ ನನ್ನ ಬೆನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಅಪ್ಪಾ, ನೀನು ಅದನ್ನ ಇನ್ನೂ ತೆಗೆದಿಲ್ವಾ?"

ಕಾಲರಿನ ಕೆಳಗೆ ಕೈಹಾಕಿ ಎಳೆದೆ. ಮಾಂಸ ಸುಡುವ ಕಡ್ಡಿ. ತುದಿಯಲ್ಲಿ ಚೀಟಿ. ವರ್ನಾಳ ದುಂಡನೆಯ ಅಕ್ಷರ: 'ಕೊಡುವುದಿದೆ. ಬದಲಿಗೆ ಮೂವತ್ತೈದರ ಗುಂಡು, ಒಂದು ಡಬ್ಬಿ.'

"ಆ ಮುದುಕರು ಏನಂದ್ರು?" ಎಂದು ಕೇಳಿದೆ.

ವರ್ನಾ ಚಾಕು ಒರೆಸುತ್ತಿದ್ದಳು. "ಡಬ್ಬಿ ಇಲ್ಲ, ಐದಿವೆ ಅಂದ್ರು. ಐದಕ್ಕೇ ಕೊಡ್ತೀನಿ ಅಂದೆ. ಐದನ್ನ ಸುಮ್ನೆ ತಗೊಳಮ್ಮ, ಇವನನ್ನ ಮಾತ್ರ ನೀನೇ ಇಟ್ಕೋ ಅಂದ್ರು."

ಕಣ್ಣಿಗೆ ಕಂಡದ್ದನ್ನೆಲ್ಲ ಕಿತ್ತಾಡಿ ಕೊಂಡ ಆ ಜನ, ಆ ಕೊಟ್ಟಿಗೆಯಲ್ಲಿ ಮುಟ್ಟದೆ ಬಿಟ್ಟದ್ದು ಎರಡೇ ಎರಡು: ಮಾವನ ರೈಫಲ್ ಮತ್ತು ನಾನು. ರೈಫಲ್ಲಿಗಾದರೂ ಹಿಡಿ ಗಿಡ್ಡವಾಗಿತ್ತು ಎಂಬ ಕಾರಣವಿತ್ತು.