ಏಳನೇ ಕುಣಿಯ ಊಟ

ನಮ್ಮ ಮನೆಯ ಮುಂಬಾಗಿಲಲ್ಲಿ ಹಾಸಿರುವ ಪ್ಲಾಸ್ಟಿಕ್ ಹುಲ್ಲಿನ ಹಸಿರು ಮ್ಯಾಟಿನ ನಟ್ಟನಡುವೆ ಒಂದು ಚೌಕಾಕಾರದ ತೂತಿದೆ. ಬಂದ ನೆಂಟರು ಮೊದಲು ತೂತನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ, ಆಮೇಲೆ ಚಪ್ಪಲಿ ಬಿಡುತ್ತಾರೆ. "ಇಲಿ ಕಡದೈತೇನ್ರಿ?" ಎಂದು ಯಾರಾದರೂ ಕೇಳಿದರೆ ನನ್ನ ಹೆಂಡತಿ ಚನ್ನವೀರಮ್ಮ, "ಹೌದ್ರಿ, ಐವತ್ತೆರಡು ವರ್ಷದ ಇಲಿ. ಬುಧವಾರಕ್ಕೊಮ್ಮೆ ಗಾಲ್ಫ್ ಆಡಾಕ ಹೋಗ್ತೈತಿ" ಎನ್ನುತ್ತಾಳೆ.

ಕತ್ತರಿಸಿದವನು ನಾನೇ, ಒಪ್ಪಿದೆ. ಆದರೆ ಅದರ ಹಿಂದೆ ಒಂದು ಘನ ಉದ್ದೇಶವಿತ್ತು. ಅದೇನೆಂದು ಕೇಳುವ ಸೌಜನ್ಯವನ್ನು ಇದುವರೆಗೆ ಯಾವ ನೆಂಟನೂ ತೋರಿಲ್ಲವಾದ್ದರಿಂದ ನಿಮ್ಮ ಮುಂದೆ ತೋಡಿಕೊಳ್ಳುತ್ತಿದ್ದೇನೆ.

ಬಳ್ಳಾರಿ ಸೀಮೆಯಲ್ಲಿ ಗಾಲ್ಫೇ ಎಂದು ನೀವು ಹುಬ್ಬೇರಿಸಬಹುದು. ಏರಿಸಿ, ನಾವೂ ಏರಿಸಿದ್ದೆವು. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇಟ್ಟಿರುವ ಉಜ್ಜಿನಪ್ಪ, ಮಗಳ ಮದುವೆಯ ಸುಸ್ತು ಆರಿಸಿಕೊಳ್ಳಲು ಊಟಿಗೆ ಹೋದವನು, ಅಲ್ಲಿ ಬಿಳಿ ಪ್ಯಾಂಟಿನ ಜನ ಸಣ್ಣ ಚೆಂಡನ್ನು ದೂರ ಹೊಡೆದು, ಅದರ ಹಿಂದೆಯೇ ನಿಧಾನವಾಗಿ ನಡೆದು, ಮತ್ತೆ ಹೊಡೆಯುವುದನ್ನು ಅರ್ಧ ದಿನ ನಿಂತು ನೋಡಿದ. ಬಂದವನೇ ಕುರುಗೋಡಿನ ಗುಡ್ಡದ ಬುಡದಲ್ಲಿದ್ದ ತನ್ನ ಬೀಳುಭೂಮಿಯಲ್ಲಿ ಒಂಬತ್ತು ಕುಣಿ ತೋಡಿಸಿದ. ಬಂಡೆ ಬಿಟ್ಟರೆ ಜಾಲಿ, ಜಾಲಿ ಬಿಟ್ಟರೆ ಬಂಡೆ. ಅಂಥಲ್ಲಿ ಗಾಲ್ಫ್ ಬೆಳೆದ ಮನುಷ್ಯ ಅವನು. ನಾನು ಅವನನ್ನು ಮನಸಾರೆ ಮೆಚ್ಚುತ್ತೇನೆ.

ಬೇರೆ ಊರುಗಳಲ್ಲಿ ಕುಣಿಯ ಸುತ್ತ ನುಣುಪಾದ ಹುಲ್ಲು ಇರುತ್ತದಂತೆ, ಅದಕ್ಕೆ 'ಗ್ರೀನ್' ಅನ್ನುತ್ತಾರಂತೆ. ನಮ್ಮಲ್ಲಿರುವುದು ಲಾರಿಯಿಂದ ಇಳಿಸಿದ ಹಳೆ ಆಯಿಲ್ ಕಲಸಿ ತಟ್ಟಿದ ಮರಳು. ಗ್ರೀನ್ ಎನ್ನಲು ನಾಲಿಗೆ ಏಳದೆ ನಾವು ಅದಕ್ಕೆ 'ಕರಿ' ಎನ್ನುತ್ತೇವೆ. ಉಳಿದ ಕಡೆಯೂ ಹುಲ್ಲಿಲ್ಲವಾದ್ದರಿಂದ ಪ್ರತಿಯೊಬ್ಬ ಆಟಗಾರನೂ ತನ್ನ ಹುಲ್ಲನ್ನು ತಾನೇ ಹೊತ್ತು ತರಬೇಕು. ಚೆಂಡು ಬಿದ್ದಲ್ಲಿ ಅಂಗೈಯಗಲದ ಹಸಿರು ಮ್ಯಾಟು ಹಾಸಿ, ಅದರ ಮೇಲೆ ಚೆಂಡಿಟ್ಟು ಹೊಡೆಯಬೇಕು. (ಈಗ ನಮ್ಮ ಬಾಗಿಲಿನ ತೂತು ನಿಮಗೆ ಅರ್ಥವಾಗಿರಬೇಕು.) ಕೋಲು ಹೊರುವ ಚೀಲಗಳ ಕೊಡುಗೆ ನನ್ನದು. ಬಳ್ಳಾರಿಯ ಜೀನ್ಸ್ ಹೊಲಿಯುವವರಿಗೆ ಜಿಪ್ಪು ಗುಂಡಿ ಒದಗಿಸುವ ವ್ಯಾಪಾರಿ ನಾನು. ಎಲ್ಲರಿಗೂ ಜೀನ್ಸ್ ಬಟ್ಟೆಯ ಚೀಲ ಹೊಲಿಸಿಕೊಟ್ಟೆ. ಪ್ರತಿ ಚೀಲಕ್ಕೂ ನಾಲ್ಕು ಜೇಬು, ಮುಂದೊಂದು ಜಿಪ್ಪು. ಟೇಲರ್ ಮಾರೇಶ ಅಭ್ಯಾಸಬಲದಿಂದ ಬೆಲ್ಟಿನ ಲೂಪುಗಳನ್ನೂ ಹೊಲಿದುಬಿಟ್ಟಿದ್ದಾನೆ.

ಆಟ ಬುಧವಾರ ಸಂಜೆ, ಗಂಡಸರಿಗೆ ಮಾತ್ರ. ಸೋಮವಾರ ಶಿವನದು, ಗುರುವಾರ ರಾಯರದು, ಶನಿವಾರ ಹನುಮಪ್ಪನದು. ಬುಧವಾರದ ಮೇಲೆ ಯಾವ ದೇವರೂ ಬಲವಾಗಿ ಹಕ್ಕು ಸಾಧಿಸಿಲ್ಲವೆಂದು ನಾವು ಹಿಡಿದುಕೊಂಡೆವು. ಇಪ್ಪತ್ತೊಂದು ಜನ ಸದಸ್ಯರು. ಗೆದ್ದವನಿಗೆ ಉಜ್ಜಿನಪ್ಪನ ಗಿರಣಿಯ ಸೋನಾ ಮಸೂರಿ ಒಂದು ಚೀಲ. ಹೆಚ್ಚು ಸಲ ಉಜ್ಜಿನಪ್ಪನೇ ಗೆದ್ದು, ತನ್ನ ಅಕ್ಕಿಯನ್ನು ತಾನೇ ಕೈಮುಗಿದು ಸ್ವೀಕರಿಸಿ, ಮನೆಗೆ ಹೊತ್ತೊಯ್ಯುತ್ತಾನೆ. ಕೊನೆಗೆ ಎಲ್ಲರಿಗೂ ಮಂಡಕ್ಕಿ ಒಗ್ಗರಣಿ, ಮಿರ್ಚಿ.

ಇಂಥ ಸಂಘಕ್ಕೆ ನಾನು ನಿಯಮಾವಳಿ ಕಾರ್ಯದರ್ಶಿ. ಆಟದಲ್ಲಿ ಸದಾ ಕೊನೆಯವನಾದ್ದರಿಂದ ಗೌರವದ ಸ್ಥಾನ ಬೇರೆ ದಾರಿಯಿಂದ ಬರಬೇಕಿತ್ತು. ನಾನು ರಚಿಸಿದ ನಿಯಮಗಳಲ್ಲಿ ಎರಡು ಇತಿಹಾಸಪ್ರಸಿದ್ಧ. ಒಂದು: "ಆಟಗಾರನು ಕುಣಿ ಮುಗಿಸಿ ಬಾಯಿಬಿಟ್ಟು ಕೂಗಿದ ಎಣಿಕೆಯೇ ಅಂತಿಮ; ಅದನ್ನು ಬ್ರಹ್ಮನೂ ತಿದ್ದತಕ್ಕದ್ದಲ್ಲ." (ಹತ್ತಿ ಜಿನ್ನಿಂಗ್ ಗಿರಣಿಯ ಪಕ್ಕೀರಪ್ಪ ಎಂಟು ಎಂದು ಕೂಗಿ, ಮಿರ್ಚಿ ತಿನ್ನುವ ಹೊತ್ತಿಗೆ ಅದನ್ನು ಐದಕ್ಕೆ ಇಳಿಸುತ್ತಿದ್ದ.) ಎರಡು: "ಒಂದೇ ಹೊಡೆತಕ್ಕೆ ಚೆಂಡನ್ನು ಕುಣಿಗಿಳಿಸಿದ ಮಹನೀಯನು ಇಡೀ ಸಂಘಕ್ಕೆ ತನ್ನ ಮನೆಯಲ್ಲಿ ಊಟ ಹಾಕತಕ್ಕದ್ದು." ಊಟಿಯಲ್ಲಿ ಇಂಥವನು ಎಲ್ಲರಿಗೂ ಕುಡಿಸುತ್ತಾನಂತೆ. ನಮ್ಮಲ್ಲಿ ಅರ್ಧ ಜನ ಕುಡಿಯುವುದಿಲ್ಲ. ಇನ್ನರ್ಧ ಜನ ಆ ಅರ್ಧದ ಎದುರಿಗೆ ಕುಡಿಯುವುದಿಲ್ಲ. ಆದ್ದರಿಂದ ಊಟ.

ಅಂಥ ಮಹನೀಯನಿಗಾಗಿ ಉಜ್ಜಿನಪ್ಪ ಒಂದು ಗ್ರಾನೈಟ್ ಕಲ್ಲನ್ನೂ ನೆಡಿಸಿದ್ದ. ಮೇಲೆ 'ಒಂದೇ ಹೊಡೆತದ ಸಾಧಕರು' ಎಂಬ ತಲೆಬರಹ. ಕೆಳಗೆ ಖಾಲಿ. ವರ್ಷಗಟ್ಟಲೆ ಖಾಲಿ. ಪ್ರತಿ ಬುಧವಾರ ಅದರ ಧೂಳು ಒರೆಸುವ ನೆಪದಲ್ಲಿ ನಾನು 'ಸಿದ್ದಲಿಂಗೇಶ್' ಎಂಬ ಹೆಸರು ಅಲ್ಲಿ ಹಿಡಿಸುತ್ತದೆಯೋ ಇಲ್ಲವೋ ಎಂದು ಗೇಣು ಹಾಕಿ ನೋಡುತ್ತಿದ್ದೆ. ಹಿಡಿಸುತ್ತಿತ್ತು.

ಆದರೆ ನಡುವೆ ಒಂದು ವಿಘ್ನವಿತ್ತು. ಹೋದ ಶ್ರಾವಣದಲ್ಲಿ ನಾನು ಆಟ ಮುಗಿಸಿ ಎಂಟು ಜನರನ್ನು, ಮುಂಚೆ ತಿಳಿಸದೆ, ಮನೆಗೆ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಚನ್ನವೀರಮ್ಮ ಆಗಷ್ಟೇ ಹಲಕುಂದಿ ಮಠದಿಂದ ಬಂದು ಕಾಲು ಚಾಚಿ ಕುಳಿತಿದ್ದಳು. ಒಂದು ಮಾತಾಡದೆ ಎದ್ದು ಎಂಟು ಜನರಿಗೂ ಬಡಿಸಿದಳು. ಅವರು ಹೋದ ಮೇಲೆ ಮಾತಾಡಿದಳು.

"ಇನ್ನೊಮ್ಮೆ ಹೇಳದ ಕೇಳದ ನಿಮ್ಮ ಗಾಲ್ಫಿನವ್ರನ್ನ ಊಟಕ್ಕ ಕರಕೊಂಡ ಬರ್ರಿ. ಒಲಿ ಮುಂದ ನೀವಿರ್ತೀರಿ, ಟೀವಿ ಮುಂದ ನಾ ಇರ್ತೀನಿ."

ಚನ್ನವೀರಮ್ಮ ಹೇಳಿದ್ದನ್ನು ಮಾಡುವವಳು. ನಾನು ಹಾಲು ಕಾಯಿಸಲು ನಿಂತರೆ ಅಗ್ನಿಶಾಮಕದವರಿಗೆ ಮೊದಲೇ ತಿಳಿಸಿಡುವುದು ಒಳ್ಳೆಯದು.

ಇನ್ನು ಆ ಬುಧವಾರ. ನಾನು, ಉಜ್ಜಿನಪ್ಪ, ಪಕ್ಕೀರಪ್ಪ ಮತ್ತು ಹಲ್ಲಿನ ಡಾಕ್ಟರ್ ಹುಲಿಗೇಶ್ ಒಂದು ತಂಡ. ಅಂದು ಏನು ಗ್ರಹಗತಿಯೋ, ನಾನೂ ಉಜ್ಜಿನಪ್ಪನೂ ಸರಿಸಮ ನಡೆದಿದ್ದೆವು. ಏಳನೇ ಕುಣಿ ನಮ್ಮ ಮೈದಾನದಲ್ಲೇ ಹತ್ತಿರದ್ದು, ಆದರೆ ದೊಡ್ಡ ಬಂಡೆಯ ಮರೆಯಲ್ಲಿದೆ. ಇತ್ತಲಿಂದ ಹೊಡೆದು, ಅತ್ತ ಹೋಗಿ ನೋಡಬೇಕು. ಉಜ್ಜಿನಪ್ಪ ಹೊಡೆದ, ಚೆಂಡು ಪಕ್ಕದ ಮೆಣಸಿನಕಾಯಿ ಹೊಲಕ್ಕೆ ಹೋಯಿತು. ನಾನು ಮ್ಯಾಟು ಹಾಸಿ, ಕಣ್ಣು ಮುಚ್ಚಿ (ನನ್ನ ಶೈಲಿ ಅದು) ಬೀಸಿದೆ. 'ಟಕ್' ಎಂದಿತು. ಸಾಮಾನ್ಯವಾಗಿ ನನ್ನ ಕೋಲು 'ದಬ್' ಎನ್ನುತ್ತದೆ.

ಹುಲಿಗೇಶ್ ಉಜ್ಜಿನಪ್ಪನ ಚೆಂಡು ಹುಡುಕಲು ಹೊಲಕ್ಕಿಳಿದ. ಪಕ್ಕೀರಪ್ಪ ಆಗಲೇ ಫೋನಿಗೆ ಸಿಗ್ನಲ್ ಹುಡುಕುತ್ತ ಎತ್ತಲೋ ಹೋಗಿದ್ದ. ನಾನೊಬ್ಬನೇ ಬಂಡೆ ಸುತ್ತಿ ಹೋದೆ. ಕರಿಯ ಮೇಲೆ ಚೆಂಡಿಲ್ಲ. ಜಾಲಿಯ ಬುಡದಲ್ಲಿ ಇಲ್ಲ. ಬೇರೆಲ್ಲೂ ಇಲ್ಲದ ಮೇಲೆ, ಸುಮ್ಮನೆ, ಕುಣಿಯಲ್ಲಿ ಇಣುಕಿದೆ.

ಗೂಡಿನಲ್ಲಿ ಮೊಟ್ಟೆ ಕುಳಿತಂತೆ ಕುಳಿತಿತ್ತು. ಮೇಲೆ ನಾನೇ ಬರೆದ ಅಂಗಿ ಗುಂಡಿಯ ಗುರುತು.

ಮೊದಲು ನನ್ನ ಕಣ್ಣ ಮುಂದೆ ಬಂದದ್ದು ಗ್ರಾನೈಟ್ ಕಲ್ಲು. ಅದರ ಹಿಂದೆಯೇ ಬಂದದ್ದು ನಮ್ಮ ಪಡಸಾಲೆ: ಇಪ್ಪತ್ತು ಜನ ಪಂಕ್ತಿಯಲ್ಲಿ ಕುಳಿತಿದ್ದಾರೆ, ಇಪ್ಪತ್ತು ತಾಟು ಕಾಯುತ್ತಿವೆ, ಒಳಗೆ ಒಲೆಯ ಮುಂದೆ ನಾನು ಜೋಳದ ಹಿಟ್ಟನ್ನು ದಿಟ್ಟಿಸುತ್ತಿದ್ದೇನೆ, ಟೀವಿಯ ಮುಂದೆ ಚನ್ನವೀರಮ್ಮ ಧಾರಾವಾಹಿಯ ಸದ್ದು ಏರಿಸುತ್ತಿದ್ದಾಳೆ.

ಹೊರಗಿದ್ದ ಚೆಂಡನ್ನು ಕದ್ದು ಕುಣಿಗೆ ತಳ್ಳಿದವರು ಲೋಕದಲ್ಲಿ ಬಹಳ ಇರಬಹುದು. ಕುಣಿಯಲ್ಲಿದ್ದ ಚೆಂಡನ್ನು ಅತ್ತಿತ್ತ ನೋಡಿ, ಕಳ್ಳನಂತೆ ಕೈಹಾಕಿ ತೆಗೆದು, ಒಂದು ಗೇಣು ಆಚೆ ಇಟ್ಟವನು ನಾನೊಬ್ಬನೇ ಇರಬೇಕು. ಎರಡೇ ಹೊಡೆತದಲ್ಲಿ ಮುಗಿಸಿದರೂ ಮರ್ಯಾದೆಯ ಎಣಿಕೆಯೇ ಎಂದು ಸಮಾಧಾನ ಮಾಡಿಕೊಂಡು, ಮೆಲ್ಲಗೆ ತಟ್ಟಿದೆ.

ತಪ್ಪಿತು.

ಒಂದು ಗೇಣು ದೂರದಿಂದ ತಪ್ಪಿತು! ಮತ್ತೆ ತಟ್ಟಿದೆ. ಅಷ್ಟರಲ್ಲಿ ಹೊಲದಿಂದ ಹುಲಿಗೇಶ್ ಕೂಗಿದ: "ಸಿದ್ದಲಿಂಗಣ್ಣ, ಎಷ್ಟ್ರಿ?"

"ಮೂರು!" ಎಂದು ಬಾಯಿಬಿಟ್ಟು ಕೂಗಿದೆ. ಉಳಿದೆರಡು ಕುಣಿ ಮುಗಿಯುವ ಹೊತ್ತಿಗೆ ನಾನು ಒಂದೇ ಒಂದು ಹೊಡೆತದಿಂದ ಹಿಂದೆ ಬಿದ್ದಿದ್ದೆ; ಉಜ್ಜಿನಪ್ಪ ಅಕ್ಕಿ ಚೀಲವನ್ನು ಮಾಮೂಲಿನಂತೆ ಕೈಮುಗಿದು ಸ್ವೀಕರಿಸಿದ.

ಮರುದಿನ ಸಂಜೆ ಮೂವರೂ ಮನೆಗೆ ಬಂದರು. ಕೈಯಲ್ಲಿ ಶಾಲು, ಮಾಲೆ. ಹಾರ ಹಾಕಿಸಿಕೊಳ್ಳಲು ಕಾರಣವೇ ಬೇಕಿಲ್ಲದ ನಾನು ಕತ್ತು ಬಗ್ಗಿಸಿದೆ. ಪಕ್ಕೀರಪ್ಪನ ಕಣ್ಣಲ್ಲಿ ನೀರಿತ್ತು.

"ಅಕ್ಕಾರ," ಎಂದ ಚನ್ನವೀರಮ್ಮನಿಗೆ, "ಇವ್ರು ಮನಷ್ಯಾರಲ್ರಿ. ನಾ ಸಿಗ್ನಲ್ ಸಿಗಲಿ ಅಂತ ಆ ಬಂಡಿಗಲ್ಲಿನ ಮ್ಯಾಲ ಹತ್ತಿದ್ದೆ. ಎಲ್ಲಾ ನೋಡೀನಿ. ಒಂದ ಹೊಡತಕ್ಕ ಚೆಂಡು ಸೀದಾ ಕುಣಿಯಾಗ ಬಿದ್ದೈತಿ. ಇವ್ರು ಬಂದ್ರು, ನೋಡಿದ್ರು, ತಗದು ಹೊರಗಿಟ್ರು! ಮ್ಯಾಲ ಬೇಕಂತ ಒಂದು ಹೊಡತ ತಪ್ಪಿಸಿದ್ರು."

ಆ ತಪ್ಪಿದ ಹೊಡೆತವನ್ನೂ ಅವನು ಪುಣ್ಯದ ಲೆಕ್ಕಕ್ಕೆ ಬರೆದಿದ್ದ. ನಾನು ತಿದ್ದಲಿಲ್ಲ.

"ನಾ ಗೆಲ್ಲಲಿ ಅಂತ ತ್ಯಾಗ ಮಾಡ್ಯಾನ್ರಿ," ಎಂದು ಉಜ್ಜಿನಪ್ಪ ಗದ್ಗದಿತನಾದ. "ಇಂಥವ್ರು ಈ ಕಾಲದಾಗ ಎಲ್ಲದಾರ?"

"ಅದೇನ್ ಬಿಡೋ, ಆಟದಾಗ ಸೋಲು ಗೆಲುವು ಅಂತ ಏನೈತಿ..." ಎಂದು ನಾನು ಗೋಡೆಯ ಕಡೆ ನೋಡುತ್ತ ಅಂದೆ. ದೊಡ್ಡವರು ಹೀಗೆಯೇ ಗೋಡೆಯ ಕಡೆ ನೋಡುವುದನ್ನು ನಾನು ಕಂಡಿದ್ದೆ.

ಚನ್ನವೀರಮ್ಮ ಚಹದ ಕಪ್ಪು ಇಟ್ಟು ಕೇಳಿದಳು. "ಅಲ್ರಿ ಅಣ್ಣಾರ, ಬಿದ್ದೈತಿ ಅಂತ ಒಪ್ಕೊಂಡಿದ್ರ ಏನಾಗ್ತಿತ್ತು?"

"ಅಕ್ಕಿ ಚೀಲ ಸಿಗ್ತಿತ್ತು. ಕಲ್ಲಿನ ಮ್ಯಾಲ ಹೆಸರು ಬರ್ತಿತ್ತು. ಹಾಂ, ನಿಮ್ಮ ಮನಿಯಾಗ ನಮ್ಮೆಲ್ಲಾರಿಗೂ ಊಟ. ಆ ನಿಯಮಾನೂ ಇವ್ರ ಬರದಿದ್ದು!" ಎಂದ ಪಕ್ಕೀರಪ್ಪ.

ಚನ್ನವೀರಮ್ಮ ನನ್ನ ಕಡೆ ತಿರುಗಿದಳು. ಅವಳಿಗೆ ಎಲ್ಲ ಗೊತ್ತಾಗಿಹೋಯಿತು ಎಂದು ನನಗೆ ಗೊತ್ತಾಯಿತು. ನನಗೆ ಗೊತ್ತಾದದ್ದು ಅವಳಿಗೂ ಗೊತ್ತಾಯಿತು. ಮಾಲೆ ಇದ್ದಕ್ಕಿದ್ದಂತೆ ಭಾರವೆನಿಸಿತು.

ಆದರೆ ಅವಳು ನಕ್ಕಳು. "ಅವ್ರು ಬಿಟ್ಟಿದ್ದು ಹೆಸರ್ರಿ, ನಿಮ್ಮ ಊಟ ಅಲ್ಲ. ಬರೋ ಬುಧವಾರ ಎಲ್ಲಾರೂ ಇಲ್ಲೇ ಬರ್ರಿ."

ಅವರು ಗೇಟು ದಾಟಿದ ಮೇಲೆ ನಗು ಒಳಗೆ ಹೋಯಿತು.

"ಬಿದ್ದ ಚೆಂಡು ಹೊರಗ ತಗದ್ರಿ?"

"ಹೂಂ."

"ನನ್ನ ಅಂಜಿಕಿಗೆ?"

"ನಿನಗ ತ್ರಾಸ್ ಆಗಬಾರದಂತ..."

"ಇಪ್ಪತ್ತೊಂದು ಮಂದಿಗೆ ರೊಟ್ಟಿ ಬಡಿಯೋದು ತ್ರಾಸಲ್ರಿ. ಹೆಂಡ್ತಿ ಉಣ್ಣಾಕ ಹಾಕಂಗಿಲ್ಲಂತ ಗಂಡ ಗೆದ್ದ ಆಟ ಸೋತು ಬಂದ ಅಂತ ಮಂದಿ ಅಂದ್ರ, ಅದು ತ್ರಾಸು. ಕುರುಗೋಡಿನ ನಮ್ಮ ತವರಮನಿಯಾಗ ಎಮ್ಮಿ ವ್ಯಾಪಾರಕ್ಕ ಬಂದವ್ರನ್ನೂ ಉಣ್ಣಿಸದ ಕಳಸಿಲ್ಲ."

"ನೀನ ಅಂದಿದ್ದೆಲ್ಲ, ಕರಕೊಂಡ ಬರಬ್ಯಾಡ್ರಿ ಅಂತ?"

"ಹೇಳದ ಕರಕೊಂಡ ಬರಬ್ಯಾಡ್ರಿ ಅಂದಿದ್ದೆ. ಗೆದ್ದು ಬರಬ್ಯಾಡ್ರಿ ಅಂದಿದ್ನೇನು?" ಚಹದ ಕಪ್ಪುಗಳನ್ನು ಒಟ್ಟು ಮಾಡುತ್ತ, "ಹುಟ್ಟಿದಾಗಿಂದ ಒಂದ ಒಂದು ಸಲ ಗುರಿಗೆ ಹೊಡದಿದ್ರಿ. ಅದನ್ನೂ ಎತ್ತಿ ಹೊರಗಿಟ್ಟು ಬಂದ್ರಿ" ಎಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನಿಜವಾದ ಸಂಕಟವಿತ್ತು. ನಾನು ಗೆದ್ದದ್ದು ಅವಳಿಗೆ ಬೇಕಿತ್ತು! ಈ ಸಂಗತಿ ನನಗೆ ಚೆಂಡು ಕುಣಿಯಲ್ಲಿ ಕಂಡದ್ದಕ್ಕಿಂತ ದೊಡ್ಡ ಆಶ್ಚರ್ಯವಾಗಿತ್ತು.

ಬುಧವಾರದ ಆ ಊಟವನ್ನು ವರ್ಣಿಸಲು ಜಿಪ್ಪು ಮಾರುವವನ ಭಾಷೆ ಸಾಲದು. ಎದುರುಮನೆಯ ಕೊಟ್ರಮ್ಮನನ್ನು ಮಾತ್ರ ಜೊತೆಗಿಟ್ಟುಕೊಂಡು ಚನ್ನವೀರಮ್ಮ ಬೆಳಗಿನಿಂದ ರೊಟ್ಟಿ ಬಡಿದಳು. ಕೈಯ ಲಯ ಒಂದು ಸಲವೂ ತಪ್ಪಲಿಲ್ಲ, ಒಂದು ರೊಟ್ಟಿಯೂ ಹರಿಯಲಿಲ್ಲ. ಎಣ್ಣೆಗಾಯಿ, ಪುಂಡಿಪಲ್ಲೆ, ಅಗಸಿ ಚಟ್ನಿ, ಕೆನೆಮೊಸರು, ಶೇಂಗಾ ಹೋಳಿಗೆ, ಅದರ ಮೇಲೆ ತುಪ್ಪ. ನನ್ನ ಪಾಲಿಗೆ ಬಂದದ್ದು ನೀರಿನ ಜಗ್ಗು. ಗಾಲ್ಫಿನ ಬಗ್ಗೆ ಊಟ ಮುಗಿಯುವವರೆಗೆ ಒಬ್ಬನೂ ಮಾತೆತ್ತಲಿಲ್ಲ. ಹಲ್ಲಿನ ಡಾಕ್ಟರ್ ಹುಲಿಗೇಶ್, ಸಿಹಿ ತಿನ್ನಬೇಡಿ ಎಂದು ಊರಿಗೆಲ್ಲ ಹೇಳುವವನು, ಐದನೇ ಹೋಳಿಗೆಗೆ ಕೈ ಚಾಚಿದ. ಯಾರು ಎಷ್ಟು ತಿಂದರು, ಯಾರಿಗೆ ಖಾರ ಬೇಡ, ಯಾರು ನಾಚಿಕೆಯಿಂದ ಸಾಕು ಅನ್ನುತ್ತಿದ್ದಾರೆ ಎಂಬುದನ್ನೆಲ್ಲ ಚನ್ನವೀರಮ್ಮ ನಿಂತಲ್ಲಿಂದಲೇ ಕಂಡುಹಿಡಿಯುತ್ತಿದ್ದಳು. ಕಣ್ಣು ತೆರೆದು ಆಡುವುದು ಎಂದರೇನೆಂದು ನಾನು ಅಂದು ನೋಡಿದೆ.

ಎಲೆಅಡಿಕೆಯ ಹೊತ್ತಿಗೆ ನಾನು ಕೆಮ್ಮಿ ಎದ್ದು ನಿಂತೆ. "ಊಟ ಆಯ್ತು. ಸಂಘದ ಹಿರೇರು ಇನ್ನ ಕಲ್ಲಿನ ಮ್ಯಾಲ ಹೆಸರಿನ ವಿಷಯ..."

"ಏನು ಹೆಸರು?" ಎಂದ ಉಜ್ಜಿನಪ್ಪ.

"ಅಲ್ಲೋ, ಒಂದ ಹೊಡತಕ್ಕ ಬಿದ್ದಿದ್ದು! ಪಕ್ಕೀರಪ್ಪ ನೋಡ್ಯಾನ!"

ಹುಲಿಗೇಶ್ ಬೆರಳಿನ ತುಪ್ಪ ನೆಕ್ಕಿ, "ನೀವು ಎಷ್ಟಂತ ಕೂಗಿದ್ರಿ?" ಎಂದ.

"...ಮೂರು."

"ಕೂಗಿದ ಎಣಿಕೆಯೇ ಅಂತಿಮ. ಬ್ರಹ್ಮನೂ ತಿದ್ದತಕ್ಕದ್ದಲ್ಲ." ನನ್ನ ವಾಕ್ಯವನ್ನು ಅವನು ಅಷ್ಟು ಸ್ಪಷ್ಟವಾಗಿ ಉಚ್ಚರಿಸಿದ್ದನ್ನು ಲೇಖಕನಾಗಿ ನಾನು ಮೆಚ್ಚಲೇಬೇಕಾಯಿತು. ಅತಿ ಜೋರಾಗಿ ತಲೆಯಾಡಿಸಿದವನು, ತನ್ನ ಎಂಟುಗಳನ್ನೆಲ್ಲ ಇದೇ ನಿಯಮಕ್ಕೆ ಬಲಿಕೊಟ್ಟ ಪಕ್ಕೀರಪ್ಪ.

"ಆದ್ರ ಕಲ್ಲು ಖಾಲಿ ಇರಬಾರದು," ಎಂದ ಉಜ್ಜಿನಪ್ಪ, ಅಡುಗೆಮನೆಯ ಕಡೆ ಕೈಮುಗಿಯುತ್ತ. "ಇಡೀ ಸಂಘಾನ ಒಂದ ಹೊಡತಕ್ಕ ಮಲಗಿಸಿದಾಕಿ ಅಕ್ಕಾರು."

ಠರಾವು ಸರ್ವಾನುಮತದಿಂದ ಪಾಸಾಯಿತು. ಜೊತೆಗೆ ಒಂದು ತಿದ್ದುಪಡಿ: ಇನ್ನು ಮುಂದೆ ಒಂದೇ ಹೊಡೆತಕ್ಕೆ ಯಾರ ಚೆಂಡು ಬಿದ್ದರೂ ಊಟ ಚನ್ನವೀರಮ್ಮನವರ ಮನೆಯಲ್ಲಿಯೇ; ಸಾಮಾನು ಆ ಮಹನೀಯನದು, ಅಕ್ಕಿ ಉಜ್ಜಿನಪ್ಪನದು, ಪಾತ್ರೆ ತೊಳೆಯುವುದು ಕಾರ್ಯದರ್ಶಿಗಳದು. ಕೊನೆಯ ಕಲಮನ್ನು ಸೇರಿಸಿದವಳು ಚನ್ನವೀರಮ್ಮ. ಎಲ್ಲವನ್ನೂ ಶುದ್ಧ ಭಾಷೆಯಲ್ಲಿ ಬರೆದುಕೊಟ್ಟವನು ನಾನು.

ಈಗ ನಮ್ಮ ಸಂಘದ ಆಟ ಬಹಳ ಸುಧಾರಿಸಿದೆ. ಎಲ್ಲರೂ ಏಳನೇ ಕುಣಿಯನ್ನು ಭಕ್ತಿಯಿಂದ ಗುರಿಯಿಡುತ್ತಾರೆ. 'ಚನ್ನವೀರಮ್ಮ' ಎಂಬ ಹೆಸರು ಕಲ್ಲಿನ ಮೇಲೆ ಅಚ್ಚುಕಟ್ಟಾಗಿ ಹಿಡಿಸಿದೆ. ಧೂಳು ಒರೆಸುವವನು ಈಗಲೂ ನಾನೇ.

ಹೋದ ಬುಧವಾರ ಹೊರಡುವಾಗ ಬಾಗಿಲಲ್ಲಿ ಹೊಚ್ಚ ಹೊಸ ಹಸಿರು ಮ್ಯಾಟು ಕಂಡೆ. ಅದರ ನಡುವಿನಲ್ಲಿಯೂ ಒಂದು ಚೌಕ ಕತ್ತರಿಸಲಾಗಿತ್ತು, ನನ್ನ ಕೈಗಿಂತ ಎಷ್ಟೋ ಸೊಗಸಾಗಿ. ಚನ್ನವೀರಮ್ಮ ಆ ತುಂಡಿಗೆ ಸುತ್ತ ಅಂಚು ಹೊಲಿದು ಕೈಯಲ್ಲಿ ಹಿಡಿದು ನಿಂತಿದ್ದಳು. ನನಗೇ ಎಂದುಕೊಂಡೆ. ಎರಡೂ ಕೈ ಚಾಚಿದೆ.

"ಚೀಲದಾಗ ಜ್ವಾಕಿಲೆ ಇಟ್ಕೊಳ್ರಿ," ಎಂದಳು, "ಪಕ್ಕೀರಪ್ಪಣ್ಣಗ ಕೊಡ್ರಿ. ಅವ್ರ ಮ್ಯಾಟು ಹರದೈತಂತ. ಎರಡು ವಾರದಿಂದ ಚೆಂಡು ಏಳನೇ ಕುಣಿ ಅಂಚಿಗೇ ಹೋಗಿ ನಿಂದ್ರಾಕ ಹತ್ತೈತಂತ, ಪಾಪ!"