ಪಕ್ಕದ ಸೀಟಿನ ತೂಕ

ನಮ್ಮಣ್ಣ ಯಾರನ್ನೇ ಕಂಡರೂ ಮೊದಲು ನೋಡುವುದು ಮುಖವನ್ನಲ್ಲ, ತೂಕವನ್ನು! ಮದುವೆ ಮನೆಗೆ ಹೋದರೆ ಎಲ್ಲರೂ ಹುಡುಗಿಯ ಸೀರೆ ನೋಡುತ್ತಾರೆ, ಒಡವೆ ನೋಡುತ್ತಾರೆ. ಇವನು ದೂರದಿಂದಲೇ ಕಣ್ಣು ಕಿರಿದು ಮಾಡಿಕೊಂಡು, “ಹುಡುಗಿ ಐವತ್ತೆರಡು, ಸೀರೆ ಒಡವೆ ಸೇರಿದ್ರೆ ಐವತ್ತೇಳು” ಎಂದು ನನ್ನ ಕಿವಿಯಲ್ಲಿ ಹೇಳುತ್ತಾನೆ. ಒಮ್ಮೆ ಅದು ಹುಡುಗಿಯ ಸೋದರಮಾವನಿಗೆ ಕೇಳಿಸಿಬಿಟ್ಟಿತು. ಊಟ ಮಾಡದೆ ಎದ್ದು ಬರಬೇಕಾಯಿತು. “ಹೋಗ್ಲಿ ಬುಡು, ಒಂದು ಕೇಜಿ ಏರೋದು ತಪ್ತು” ಎಂದ ಮಹಾರಾಯ!

ಅವನನ್ನು ಪೂರ್ತಿ ದೂರುವಂತೆಯೂ ಇಲ್ಲ. ನಮ್ಮ ಕಸುಬೇ ತೂಕದ್ದು. ನಂಜನಗೂಡಿನ ರಸ್ತೆಯಲ್ಲಿ, ಕಡಕೊಳದ ಫ್ಯಾಕ್ಟರಿಗಳ ಹತ್ತಿರ, ಅಣ್ಣತಮ್ಮ ಇಬ್ಬರೂ ಸೇರಿ ಲಾರಿ ತೂಗುವ ವೇಬ್ರಿಜ್ ನಡೆಸುತ್ತೇವೆ. ನೆಲದ ಮಟ್ಟಕ್ಕೆ ಹಾಸಿದ ದೊಡ್ಡ ಕಬ್ಬಿಣದ ತಟ್ಟೆ, ಅದರ ಪಕ್ಕದಲ್ಲಿ ಒಂದು ಗೂಡು. ಲಾರಿ ಬಂದು ತಟ್ಟೆಯ ಮೇಲೆ ನಿಂತರೆ ಗೂಡಿನೊಳಗೆ ಕೆಂಪು ಅಂಕಿಗಳಲ್ಲಿ ತೂಕ ಕಾಣುತ್ತದೆ. ಖಾಲಿ ಇದ್ದಾಗ ಒಮ್ಮೆ ತೂಗಬೇಕು, ತುಂಬಿದಾಗ ಇನ್ನೊಮ್ಮೆ; ಎರಡರ ವ್ಯತ್ಯಾಸವೇ ಸರಕಿನ ತೂಕ. ಗೂಡಿನೊಳಗಿನ ಕೆಲಸ ಅಣ್ಣನದು, ಹೊರಗಿನದು ನನ್ನದು. ಹೊರಗೆ ಏನು ಕೆಲಸ ಎಂದು ಕೇಳಿದಿರಾ? ಅನುಮಾನ ಪಡುವುದು!

ನಗಬೇಡಿ. ಖಾಲಿ ಲಾರಿ ತೂಗುವಾಗ ಕ್ಲೀನರನ್ನು ಇಳಿಸಿ ಬರುವ ಡ್ರೈವರ್, ತುಂಬಿದ ಲಾರಿ ತೂಗುವಾಗ ದಾರಿಯಲ್ಲಿ ಹೋಗುವವರನ್ನೂ ಹತ್ತಿಸಿಕೊಂಡು ಬರುತ್ತಾನೆ. ಟಾರ್ಪಾಲನ್ನು ನೀರಿನಲ್ಲಿ ನೆನೆಸುವವರಿದ್ದಾರೆ, ಸೀಟಿನ ಕೆಳಗೆ ಚಪ್ಪಡಿ ಕಲ್ಲು ಬಚ್ಚಿಡುವವರಿದ್ದಾರೆ. ನಾನು ತಟ್ಟೆಯ ಮೇಲೆ ಹೋಗಿ ಲಾರಿಯ ಸುತ್ತ ತಿರುಗಿ, ಅಡಿಯಲ್ಲಿ ಇಣುಕಿ ನೋಡಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದು ಓದು ಬಿಟ್ಟವನಿಗೆ ಒಲಿದ ಒಂದೇ ವಿದ್ಯೆ ಇದು. ಕಷ್ಟವೇನೆಂದರೆ, ಸಂಜೆ ಗೂಡಿಗೆ ಬೀಗ ಹಾಕಿದರೂ ಈ ವಿದ್ಯೆಗೆ ಬೀಗ ಬೀಳುವುದಿಲ್ಲ. ಹಾಲು ತೆಳ್ಳಗಿದ್ದರೆ ನನಗೆ ಅನುಮಾನ, ಗಟ್ಟಿಯಾಗಿದ್ದರೆ ಇನ್ನೂ ಅನುಮಾನ. ಬಂದ ಸಂಬಂಧಗಳನ್ನೆಲ್ಲ ‘ಇಷ್ಟು ಒಳ್ಳೆಯವರು ನಮ್ಮ ಮನೆಗೆ ಯಾಕೆ ಬಂದರು?’ ಎಂದು ಅನುಮಾನಿಸಿಯೇ ಮದುವೆಯಿಲ್ಲದೆ ಉಳಿದೆ. ಚಾಮರಾಜಪುರಂನ ಮನೆಯಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದೇನೆ. ಅಣ್ಣನ ಹುಚ್ಚಿನ ಬಗ್ಗೆ ಬರೆಯಲು ಕೂತವನು ತನ್ನ ಕಾಯಿಲೆಯನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಯಾಕೆಂದರೆ ಕೊನೆಗೆ ಕೆಟ್ಟ ಕೆಲಸ ಮಾಡಿದ್ದು ಅವನ ಹುಚ್ಚಲ್ಲ, ನನ್ನ ಕಾಯಿಲೆ.

ಅಣ್ಣನ ಹುಚ್ಚಿಗೆ ನಾಲ್ಕು ಚಕ್ರ. ನಜರ್‌ಬಾದಿನ ಹಳೇ ಬಂಗಲೆಯೊಂದರ ಹಿತ್ತಿಲಿನಲ್ಲಿ, ಕೋಳಿಗಳು ಮೊಟ್ಟೆ ಇಡುತ್ತಿದ್ದ ಒಂದು ವಿದೇಶಿ ಸ್ಪೋರ್ಟ್ಸ್ ಕಾರು ಇವನ ಕಣ್ಣಿಗೆ ಬಿತ್ತು. ಎರಡೇ ಸೀಟು, ಮೇಲೆ ಮಡಚುವ ಬಟ್ಟೆಯ ಹೊದಿಕೆ, ಎತ್ತರ ನನ್ನ ಸೊಂಟದವರೆಗೆ. ಬೇರೆಯವರಾಗಿದ್ದರೆ ಎಷ್ಟು ಸ್ಪೀಡು ಹೋಗುತ್ತದೆ ಎಂದು ಕೇಳುತ್ತಿದ್ದರು. ಅಣ್ಣ ಅದರ ಹಿಂಭಾಗವನ್ನು ಹಿಡಿದು ಎತ್ತಿ ನೋಡಿದ. “ಹೂವು ಕಣೋ, ಹೂವು!” ಎಂದ. ಕೋಳಿಗಳು ಇಳಿದವು, ಅಣ್ಣ ಹತ್ತಿ ಕೂತ.

ಆ ಹೂವಿನ ಎಸಳು ಕೀಳುವ ಕೆಲಸ ಅವತ್ತೇ ಶುರುವಾಯಿತು. ಹಗುರವಾದಷ್ಟೂ ಓಡಿಸಲು ಮಜ ಎನ್ನುವುದು ಅವನ ಸಿದ್ಧಾಂತ. ರೇಡಿಯೋ ಕಿತ್ತ. ತಟ್ಟೆಯ ಮೇಲೆ ನಿಲ್ಲಿಸಿ ತೂಗಿದ. ಅಂಕಿ ಅಲ್ಲಾಡಲಿಲ್ಲ. ಅಲ್ಲಾಡುವುದಾದರೂ ಹೇಗೆ? ಲಾರಿಗೆಂದು ಮಾಡಿದ ತಟ್ಟೆಗೆ ಹತ್ತು ಕೇಜಿಗಿಂತ ಕಡಿಮೆಯದೆಲ್ಲ ಸೊಳ್ಳೆಗೆ ಸಮ! ಕಾಲಡಿಯ ಜಮಖಾನೆ ಕಿತ್ತ, ಆಶ್‌ಟ್ರೇ ಕಿತ್ತ, ಹೀಟರ್ ಕಿತ್ತ. ಹೀಟರ್ ವಿಷಯದಲ್ಲಿ ಮಾತ್ರ ನಾನೂ ಒಪ್ಪಿದೆ. ಮೈಸೂರಿನಲ್ಲಿ ಅದು ಯಾರಿಗೆ ಬೇಕು? ಕೊನೆಗೆ ಬಾಗಿಲಿನ ಒಳಗಡೆಯ ರಟ್ಟನ್ನೂ ಕಿತ್ತಾಗ ಅಂಕಿ ಒಂದು ಮೆಟ್ಟಿಲು ಇಳಿಯಿತು. ಆ ಸಂತೋಷಕ್ಕೆ ನಿಂತಿದ್ದ ಲಾರಿಯವರಿಗೆಲ್ಲ ಕಡಲೆಪುರಿ ಹಂಚಿದ. ಮೈಸೂರುಪಾಕು ಹಂಚಬಾರದಿತ್ತಾ ಎಂದರೆ, “ಥೂ, ಭಾರ!” ಎಂದ.

ಪೆಟ್ರೋಲಿಗೂ ತೂಕ ಇದೆಯಲ್ಲ! ಹಾಗಾಗಿ ಟ್ಯಾಂಕನ್ನು ತುಂಬಿಸುತ್ತಲೇ ಇರಲಿಲ್ಲ. ಒಂದು ಭಾನುವಾರ ಮೃಗಾಲಯದ ಎದುರು, ಆ ಜನಜಂಗುಳಿಯ ನಡುವೆ, ಕಾರು ಬಾಯಾರಿ ನಿಂತಿತು. ಒಳಗಿನ ಪ್ರಾಣಿಗಳನ್ನು ನೋಡಲು ಬಂದ ಮಕ್ಕಳೆಲ್ಲ ನಮ್ಮನ್ನೇ ನೋಡುತ್ತಾ ನಿಂತರು. ನಾನು ಬೆವರು ಸುರಿಸಿಕೊಂಡು ಹಿಂದಿನಿಂದ ತಳ್ಳುತ್ತಿದ್ದರೆ, ಸ್ಟೇರಿಂಗ್ ಹಿಡಿದ ಅಣ್ಣ ತಿರುಗಿ ಹೆಮ್ಮೆಯಿಂದ ಕೇಳಿದ: “ಹೆಂಗಿದೆ? ತಳ್ಳೋಕೆ ಎಷ್ಟು ಹಗುರ ನೋಡು!”

ನಜರ್‌ಬಾದಿನ ಮೆಕ್ಯಾನಿಕ್ ಖಲೀಲನಿಗೆ ಈ ಕಾರನ್ನು ಕಂಡರೆ ಅಯ್ಯೋ ಪಾಪ. ಅವನ ಶೆಡ್ಡಿನ ಮೂಲೆಯಲ್ಲಿ ಗೋಣಿ ಹೊದ್ದು ಮಲಗಿದ್ದ ಒಂದು ದೊಡ್ಡ ಎಂಜಿನ್ ಇತ್ತು.

“ಅಣ್ಣಾ, ನಿಮಗೋಸ್ಕರಾನೇ ಇಟ್ಟಿದೀನಿ. ಹಾಕ್ಬುಟ್ರೆ ಡಬಲ್ ಪವರ್. ಹುಲಿ ಆಗುತ್ತೆ ಹುಲಿ!”

“ಹುಲಿ ಮೂತಿ ಭಾರ ಕಣಯ್ಯ” ಎಂದ ಅಣ್ಣ. “ಮೂತಿ ಭಾರ ಆದ್ರೆ ತಿರುವಲ್ಲಿ ಹೇಳಿದ ಮಾತು ಕೇಳಲ್ಲ. ಅದನ್ನ ನಿಲ್ಸೋಕೆ ದೊಡ್ಡ ಬ್ರೇಕು ಬೇಕು. ಬ್ರೇಕಿಗೆ ದೊಡ್ಡ ಚಕ್ರ, ಚಕ್ರಕ್ಕೆ ದಪ್ಪ ಕಬ್ಬಿಣ. ಕೊನೆಗೆ ಲಾರಿ ಆಗುತ್ತೆ. ಲಾರಿ ನಾನು ದಿನಾ ನೋಡ್ತೀನಿ.”

“ಆದ್ರೂ ಪವರ್ ಅಂದ್ರೆ ಪವರ್ರೇ ಅಲ್ವಾ ಅಣ್ಣಾ?”

“ಈಗಿರೋ ಎಂಜಿನ್ನಲ್ಲಿ ಕೊನೇ ಹನಿ ಶಕ್ತೀನೂ ನಾನೇ ಹಿಂಡ್ಕೋತೀನಿ. ಅದೇ ಮಜ. ನಿನ್ ಹುಲೀದು ಮುಕ್ಕಾಲು ಶಕ್ತಿ ನಿದ್ದೆ ಮಾಡ್ತಿರುತ್ತೆ. ಮಲಗಿರೋರನ್ನ ನಾನ್ಯಾಕೆ ಹೊತ್ಕೊಂಡು ತಿರುಗ್ಲಿ?”

ನನಗೆ ಆಗಲೇ ಅನುಮಾನ. ಸಿಗುವ ಶಕ್ತಿಯನ್ನು ಯಾರಾದರೂ ಬೇಡ ಅನ್ನುತ್ತಾರೆಯೇ? ಇದರಲ್ಲಿ ಏನೋ ಇದೆ!

ಏನಿದೆ ಎಂದು ಬೆಟ್ಟದಲ್ಲಿ ಗೊತ್ತಾಯಿತು. ಒಂದು ದಿನ ಅಣ್ಣ ತಾನಾಗಿಯೇ, “ಬಾರೋ, ಚಾಮುಂಡಿಬೆಟ್ಟಕ್ಕೆ ಹೋಗ್ಬರೋಣ” ಎಂದು ಕರೆದ. ನನ್ನ ತೂಕ ನೂರರ ಮೇಲೆ ಎಷ್ಟು ಎಂದು ದಯವಿಟ್ಟು ಕೇಳಬೇಡಿ. ನನ್ನ ಸೀಟನ್ನೂ ಅವನ ಸೀಟಿನ ಕಾಲು ಭಾಗವನ್ನೂ ತುಂಬಿಕೊಂಡು ಕೂತೆ. ಹಗುರ ಮಾಡುವ ಹುಚ್ಚಿನಲ್ಲಿ ಅವನು ಎಂಜಿನ್ನಿನ ಒಳಗಿನ ಒಂದು ಚಕ್ರವನ್ನೂ ಲೇತಿನಲ್ಲಿ ಕಡೆಸಿ ತೆಳ್ಳಗೆ ಮಾಡಿಸಿದ್ದ. ಒಬ್ಬನೇ ಇದ್ದರೆ ಜಿಗಿಯುತ್ತಿದ್ದ ಕಾರು, ಏರಿನಲ್ಲಿ ಭಾರ ಬಿದ್ದರೆ ಉಸಿರು ಬಿಡುತ್ತಿತ್ತು. ಮೊದಲು ಒಂದು ಸ್ಕೂಟರ್ ನಮ್ಮನ್ನು ದಾಟಿ ಹೋಯಿತು. ಆಮೇಲೆ ಒಂದು ಸೈಕಲ್. ಆಮೇಲೆ ಹೂವಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬರು ಪಕ್ಕದಲ್ಲೇ ನಡೆಯುತ್ತಾ, “ಎಲ್ಲಿ ಆಯ್ತಪ್ಪ ನಿಮ್ದು?” ಎಂದು ಮಾತಿಗೆ ಶುರುಮಾಡಿದರು! ದೊಡ್ಡ ತಿರುವಿನಲ್ಲಿ ಕಾರು ಕೆಮ್ಮಿ ನಿಂತೇಬಿಟ್ಟಿತು.

“ಸ್ವಲ್ಪ ಇಳೀತೀಯಾ?” ಎಂದ ಅಣ್ಣ.

ಇಳಿದೆ. ಕಾರು ಹಗ್ಗ ಬಿಚ್ಚಿದ ಕರುವಿನ ಹಾಗೆ ಹಾರಿ ಹೋಯಿತು. ನಾನು ಏದುಸಿರು ಬಿಡುತ್ತಾ ಹತ್ತುತ್ತಿದ್ದರೆ, ಅವನು ಮೇಲೆಲ್ಲೋ ನಿಲ್ಲಿಸಿ ಓಡಿ ಬಂದ. ಮುಖದಲ್ಲಿ ಸಾವಿರ ಬಲ್ಬು. “ನೋಡಿದ್ಯಾ ಹೆಂಗೆ ಹೋಯ್ತು!”

ನೋಡಿದೆ. ಕಾರನ್ನಲ್ಲ, ಆ ಮುಖವನ್ನು. ನಾನು ಇಳಿದದ್ದಕ್ಕೆ ಇಷ್ಟೊಂದು ಬೆಳಕೇ? ಹಾಗಾದರೆ ಅಣ್ಣನಿಗೆ ನಾನು ಹೊರೆಯೇ? ಅವತ್ತಿನಿಂದ ಆ ಕಾರಿಗೆ ಕಾಲಿಡಲಿಲ್ಲ. ಮಾತ್ರವಲ್ಲ, ಖಲೀಲನ ಪಕ್ಷ ಸೇರಿದೆ. ಊಟಕ್ಕೆ ಕೂತಾಗಲೆಲ್ಲ, “ದೊಡ್ಡ ಎಂಜಿನ್ ಹಾಕ್ಸು, ಮರ್ಯಾದೆ ಉಳಿಯುತ್ತೆ” ಎಂದು ಶುರು ಮಾಡುತ್ತಿದ್ದೆ. ಇದರ ಲೆಕ್ಕ ಸುಲಭ. ಎಂಜಿನ್ ಸಣ್ಣದು ಎಂದಾದರೆ ತಪ್ಪು ಎಂಜಿನ್ನಿನದು. ಎಂಜಿನ್ ಸಾಕು ಎಂದಾದರೆ ತಪ್ಪು ನನ್ನದು! ಅಣ್ಣ ಅನ್ನ ಕಲಸುತ್ತಲೇ ಇರುತ್ತಿದ್ದ. ಅವನು ಸುಮ್ಮನಿದ್ದಷ್ಟೂ ನನ್ನ ಅನುಮಾನ ದಪ್ಪವಾಯಿತು.

ಹೀಗಿರುವಾಗ ಒಂದು ಗುರುವಾರ ನಾನು ಕಡಕೊಳಕ್ಕೆ ಎಂದಿಗಿಂತ ಬೇಗ ಹೋದೆ. ಅಣ್ಣನ ಕಾರು ತಟ್ಟೆಯ ಮೇಲೆ ನಿಂತಿತ್ತು. ಭಾರ ಎಂದು ಬಿಚ್ಚಿ ಅಟ್ಟಕ್ಕೆ ಹಾಕಿದ್ದ ಬಟ್ಟೆಯ ಹೊದಿಕೆ ಮತ್ತೆ ಕಾರಿನ ಮೇಲೆ! ಒಳಗೆ ಯಾರಿದ್ದಾರೋ ಕಾಣದು. ಗೂಡಿಗೆ ಇಣುಕಿದೆ. ಕೆಂಪು ಅಂಕಿ ಎಂದಿಗಿಂತ ನೂರು ಕೇಜಿಗೂ ಹೆಚ್ಚು ತೋರಿಸುತ್ತಿತ್ತು.

“ಏನಣ್ಣ, ತೂಕ ಇಷ್ಟೊಂದು?”

ಅಣ್ಣ ಬೆಚ್ಚಿಬಿದ್ದ. “ಅದಾ... ತಟ್ಟೆ ಸರಿ ಇಲ್ಲ ಕಣೋ” ಎಂದವನೇ ಕಾರು ಹತ್ತಿ ಹೋಗಿಬಿಟ್ಟ.

ತಟ್ಟೆ ಸರಿ ಇಲ್ಲವೇ! ನಮ್ಮ ತಟ್ಟೆಯೇ! ತೂಕ ತಪ್ಪು ಎನ್ನುವ ಡ್ರೈವರುಗಳ ಸೀಟುಗಳನ್ನೆಲ್ಲ ನಾನು ಎತ್ತಿಸಿ ನೋಡಿದವನು. ಸಂಜೆ ಊರಿನಲ್ಲಿ ಎದುರಾದ ಖಲೀಲನನ್ನು ಕೇಳಿದರೆ, “ಗುರುವಾರ ಗುರುವಾರ ಬೆಟ್ಟದ ಕಡೆ ಹೋಗ್ತಾರೆ, ಯಾಕೆ ಅಂತ ಕೇಳ್ಬೇಡಿ” ಎಂದು ತಲೆ ತಗ್ಗಿಸಿದ. ಕೇಳಬೇಡಿ ಎಂದರೆ ಅರ್ಥವೇನು? ಯಾರನ್ನೋ ಕೂರಿಸಿಕೊಂಡು ಹೋಗುತ್ತಿದ್ದಾನೆ! ನನ್ನನ್ನು ಇಳಿಸಿದ ಸೀಟಿನಲ್ಲಿ ಇನ್ಯಾರನ್ನೋ!

ಈಗ ನನ್ನ ಕೆಟ್ಟ ಕೆಲಸಕ್ಕೆ ಬಂದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದಿತ್ತು. ಹೋಗಿ ಅತ್ತಿಗೆಗೆ ಹೇಳಿದೆ.

ಅತ್ತಿಗೆ ಮೊದಲು ನಕ್ಕರು. “ಅಲ್ಲ ಮೈದುನ್ರೇ, ಚಪ್ಪಲಿ ತೂಕ ಅಂತ ಬಾಗಿಲಲ್ಲೇ ಬಿಡ್ಸೋ ಮನುಷ್ಯನ ಪಕ್ಕ ಯಾವಳು ಬಂದು ಕೂತ್ಕೋತಾಳೆ?”

“ನಂಗೇನು ಗೊತ್ತು ಅತ್ತಿಗೆ. ತೂಕ ಸುಳ್ಳು ಹೇಳಲ್ಲ” ಎಂದೆ.

ಅವರ ನಗು ನಿಂತುಹೋಯಿತು. ಮರುದಿನ ಸಾರಿಗೆ ಉಪ್ಪಿರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಏನೂ ತಿಳಿಯದ ಅಣ್ಣ ಸುಮ್ಮನೆ ಸುರಿದುಕೊಂಡು ಉಂಡ. ನಾನು ಉಪ್ಪು ಕೇಳುವ ಧೈರ್ಯವಿಲ್ಲದೆ ಹಾಗೇ ಉಂಡೆ. ಆದರೂ ಇದು ಬರೀ ಅನುಮಾನ ಎಂದು ಬಾಯಿ ಬಿಟ್ಟೆನೇ? ಇಲ್ಲ. ನನ್ನ ಅನುಮಾನ ನಿಜವಾಗಬೇಕಿತ್ತಲ್ಲ!

ಮುಂದಿನ ಗುರುವಾರ ಅಣ್ಣ ಕಡಕೊಳಕ್ಕೆ ಹೊರಟ ಮೇಲೆ ನಾನೂ ಅತ್ತಿಗೆಯೂ ಬೆಟ್ಟದ ಬಸ್ಸು ಹತ್ತಿ, ಆ ದೊಡ್ಡ ತಿರುವಿನಲ್ಲಿ ಇಳಿದು, ಒಂದು ಮರದ ಹಿಂದೆ ಅಡಗಿ ನಿಂತೆವು. ಅಂದರೆ, ಅತ್ತಿಗೆ ಅಡಗಿದರು.

“ನೀವು ಮರದ ಹಿಂದೆ ನಿಂತಿದೀರೋ, ಮರ ನಿಮ್ಮ ಹಿಂದೆ ನಿಂತಿದ್ಯೋ?” ಎಂದರು ಅತ್ತಿಗೆ. ನಗಿಸಲು ಹೇಳಿದ್ದಲ್ಲ. ಅವರ ಕಣ್ಣು ಕೆಂಪಾಗಿತ್ತು.

ಕೆಳಗಿನಿಂದ ಕಾರಿನ ಸದ್ದು ಕೇಳಿಸಿತು. ಹೊದಿಕೆಯನ್ನು ಈಗ ಮಡಚಿದ್ದ. ಅಣ್ಣನ ಪಕ್ಕದಲ್ಲಿ ಒಬ್ಬರು! ದಪ್ಪನೆಯ ಮೈ, ಕಂದು ಸ್ವೆಟರ್, ತಲೆಗೆ ಮಂಕಿ ಕ್ಯಾಪು. ಆ ಸ್ವೆಟರನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಳ್ಳುವಷ್ಟರಲ್ಲಿ ಕಾರು ನಮ್ಮ ಮುಂದೆಯೇ ಕೆಮ್ಮಿ ನಿಂತಿತು. ಅಣ್ಣ ಕೈಬ್ರೇಕು ಎಳೆದು, ಹಣೆ ಒರೆಸಿಕೊಂಡು, ಪಕ್ಕದವರ ಭುಜದ ಮೇಲೆ ಕೈಯಿಟ್ಟ.

“ಇಳೀಬೇಡ ಕಣೋ” ಎಂದ. “ಕೂತಿರು. ಈ ಸಲ ಹೋಗೇ ಹೋಗ್ತೀವಿ.”

ಅತ್ತಿಗೆ ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ನುಗ್ಗಿದರು. “ಯಾರ್ರೀ ಇದು?” ಎನ್ನುತ್ತಾ ಸ್ವೆಟರನ್ನು ಹಿಡಿದು ಎಳೆದರು. ಬಟ್ಟೆ ಸರಿದು ಅಡಿಯ ಗೋಣಿ ಹರಿಯಿತು. ಸೀಟಿನ ಮೇಲೆ ಸೊರ್ರೆಂದು ಮರಳು ಸುರಿಯಿತು.

ಮರಳಿನ ಮೂಟೆಗಳು! ಒಂದರ ಮೇಲೊಂದು ಪೇರಿಸಿ, ಹಗ್ಗದಿಂದ ಸೀಟಿಗೆ ಕಟ್ಟಿ, ನನ್ನ ಹಳೇ ಸ್ವೆಟರ್ ತೊಡಿಸಿದ್ದ.

“ಬರೀ ಮೂಟೆ ಇಟ್ಕೊಂಡು ಹೋದ್ರೆ ಮರಳು ಸಾಗಿಸ್ತಿದಾನೆ ಅಂತ ಪೊಲೀಸ್ರು ಹಿಡೀತಾರೆ ಕಣೇ” ಎಂದು ತೊದಲಿದ ಅಣ್ಣ. ಆಮೇಲೆ ನನ್ನ ಕಡೆ ನೋಡಿ, ಸಿಕ್ಕಿಬಿದ್ದ ಕಳ್ಳನಂತೆ ತಲೆ ತಗ್ಗಿಸಿದ. “ಸರಿಯಾಗಿ ನಿನ್ನ ತೂಕದಷ್ಟೇ ಇದೆ.”

“ನನ್ನ ತೂಕ ನಿಂಗೆ ಹೆಂಗೆ ಗೊತ್ತು?”

“ದಿನಾ ತಟ್ಟೆ ಮೇಲೆ ಬಂದು ನಿಂತ್ಕೋತೀಯಲ್ಲೋ. ಲಾರಿ ತೂಕದಲ್ಲಿ ನಿನ್ನ ಕಳೆದಲ್ವಾ ನಾನು ಬರ್ಕೊಳ್ಳೋದು!”

ಅಣ್ಣನೇ ಮುಂದುವರಿಸಿದ. “ಅವತ್ತು ಇಳಿ ಅಂದ್ಬುಟ್ಟೆ. ಆಮೇಲೆ ನೀನು ಹತ್ತಲೇ ಇಲ್ಲ. ನಿನ್ನ ಕೂರಿಸ್ಕೊಂಡು ಇದೇ ತಿರುವು ದಾಟ್ಬೇಕು ಅಂತ ಏನೇನೋ ಮಾಡ್ದೆ. ಆಗ್ತಿಲ್ಲ. ಸೋಮವಾರ ಖಲೀಲ್ ಹತ್ರ ಆ ದೊಡ್ಡ ಎಂಜಿನ್ನೇ ಹಾಕಿಸ್ಬುಡ್ತೀನಿ.”

ಹಲ್ಲು ಕೀಳಿಸಿಕೊಳ್ಳಲು ಒಪ್ಪಿದವನ ಮುಖ ಹಾಗಿರುತ್ತದೆ. ನಾನು ಗೆದ್ದಿದ್ದೆ. ತಲೆಯೆತ್ತಿ ನೋಡಲು ಮಾತ್ರ ಆಗಲಿಲ್ಲ.

“ತಪ್ಪಾಯ್ತು ಅತ್ತಿಗೆ” ಎಂದೆ.

“ಉಪ್ಪಿಲ್ಲದ ಸಾರು ಉಂಡ್ರಲ್ಲ, ಅಲ್ಲಿಗೆ ಸರಿಹೋಯ್ತು” ಎಂದು ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಣ್ಣನಿಗೆ ಈ ಮಾತು ಇವತ್ತಿಗೂ ಅರ್ಥವಾಗಿಲ್ಲ.

ನಾನು ಹಗ್ಗ ಬಿಚ್ಚಿ ಮೂಟೆಗಳನ್ನು ರಸ್ತೆ ಬದಿಗೆ ಇಳಿಸಿದೆ. “ಎಂಜಿನ್ನು ಗಿಂಜಿನ್ನು ಏನೂ ಬೇಡ. ನೀನೊಬ್ಬನೇ ಮೇಲಕ್ಕೆ ಹೋಗ್ಬಾ” ಎಂದೆ. ಅಣ್ಣ ಒಪ್ಪಲಿಲ್ಲ. ಅತ್ತಿಗೆ ಗದರಿದ ಮೇಲೆ ಹೊರಟ. ಒಂದೊಂದೇ ತಿರುವಿನಲ್ಲಿ ಎಂಜಿನ್ನಿನ ದನಿ ಏರಿ, ಇಳಿದು, ಮತ್ತೆ ಏರುತ್ತಾ ಹೋಯಿತು. ಅಷ್ಟು ಪುಟ್ಟ ಎಂಜಿನ್ ಪೂರ್ತಿ ಗಂಟಲು ಬಿಟ್ಟು ಹಾಡುವುದನ್ನು ನಾನು ಹೊಟ್ಟೆಕಿಚ್ಚಿಲ್ಲದೆ ಕೇಳಿದ್ದು ಅವತ್ತೇ.

ಸ್ವಲ್ಪ ಹೊತ್ತಿಗೆ ಅಣ್ಣ ವಾಪಸು ಬಂದ. ನನ್ನ ಪಕ್ಕ ನಿಲ್ಲಿಸಿ ಎಡಗಡೆಯ ಬಾಗಿಲು ತೆಗೆದ.

“ಹತ್ತು. ಇಳಿಜಾರು ತಾನೇ.”

“ಅತ್ತಿಗೆ?”

“ನಾನು ಬಸ್ಸಿಗೆ ಬರ್ತೀನಿ, ಹೋಗ್ರಪ್ಪ” ಎಂದರು ಅತ್ತಿಗೆ, ಸ್ವೆಟರ್ ಹಾಕಿಕೊಂಡ ಮೂಟೆಯ ಮೇಲೆ ಕೂರುತ್ತಾ. “ಅಲ್ಲೀವರೆಗೂ ಈ ಮೈದುನ ಇದಾನಲ್ಲ. ಇವನಾದ್ರೆ ಬಾಯಿ ಬಿಡಲ್ಲ.”

ಮರಳು ಚುಚ್ಚುವ ಸೀಟಿನಲ್ಲಿ ಉಸಿರು ಹಿಡಿದು ಕೂತೆ. ಕಾರು ನನ್ನ ಕಡೆಗೆ ವಾಲಿತು. ಎಂಜಿನ್ನಿಗೆ ಕೆಲಸವೇ ಇಲ್ಲದ ಹಾಗೆ ಬೆಟ್ಟವೇ ನಮ್ಮನ್ನು ಕೆಳಗೆ ಕಳಿಸುತ್ತಿತ್ತು. ಮೊದಲ ತಿರುವಿನಲ್ಲಿ ಅಣ್ಣ ಸ್ಟೇರಿಂಗ್ ತಿರುಗಿಸಿ, ರಸ್ತೆಯನ್ನೇ ನೋಡುತ್ತಾ ಹೇಳಿದ:

“ನೀನು ಕೂತ್ರೇನೇ ಕಣೋ ಇದು ಸರಿಯಾಗಿ ತಿರುಗೋದು.”

ಅಪ್ಪಟ ಸುಳ್ಳು. ನನ್ನ ಕಡೆಯ ಚಕ್ರ ಮಡ್‌ಗಾರ್ಡಿಗೆ ಉಜ್ಜಿ ಕಿರುಚುತ್ತಿರುವುದು ಇಬ್ಬರಿಗೂ ಕೇಳಿಸುತ್ತಿತ್ತು.

“ಹೌದು ಕಣಣ್ಣ” ಎಂದೆ. “ನಂಗೂ ಹಂಗೇ ಅನ್ನಿಸ್ತಿದೆ.”