ಹಗರೆಗೆ ಹಂಡೆ, ಮಾದಿಹಳ್ಳಿಗೆ ಕುರ್ಚಿ

ಕಂಪ್ಯೂಟರ್ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂದು ನಾನು ಬಹುಕಾಲ ನಂಬಿದ್ದೆ. ನಂಬಿದ್ದವನು ನಾನೊಬ್ಬನೇ.

ನಮ್ಮದು ಸಮಾರಂಭಗಳಿಗೆ ಶಾಮಿಯಾನ, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುವ ವ್ಯಾಪಾರ. ಬೇಲೂರಿನ ಅಂಗಡಿಯಲ್ಲಿ ನನ್ನ ಹೆಂಡತಿ ಸುಧಾ ಬುಕಿಂಗ್ ಪಟ್ಟಿ ನೋಡಿಕೊಳ್ಳುತ್ತಾಳೆ. ಹಳೇಬೀಡಿನ ಗೋಡೌನಿನ ಕಂಪ್ಯೂಟರಿನಲ್ಲಿ ಯಾವ ಸಾಮಾನು ಯಾರಿಗೆ ಮೀಸಲು ಎಂಬ ಪಟ್ಟಿಯಿದೆ. ಎರಡರ ನಕಲೂ ನಾನು ಕೂರುವ ಅರಸೀಕೆರೆಯ ಶಾಖೆಗೆ ತಾನಾಗಿ ಬರುವಂತೆ ಏರ್ಪಾಟು ಮಾಡಿದವನು ನಾನು! ಬೇಲೂರಿನದು ಬೇಗ ಬರುತ್ತಿತ್ತು. ಹಳೇಬೀಡಿನದು ನೆಟ್‌ವರ್ಕಿಗೆ ಮನಸ್ಸು ಬಂದಾಗ ಬರುತ್ತಿತ್ತು. ಹೇಗೂ ಬರುತ್ತದಲ್ಲ ಎಂದು ನಾನು ತಲೆಕೆಡಿಸಿಕೊಳ್ಳಲಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ದಾಟಿದ ಮೇಲೆ ಗುಡುಗಿಗೆ ಬೇಲೂರು, ಹಳೇಬೀಡು ಎರಡೂ ಕಡೆ ಕರೆಂಟು ಹೋಯಿತು. ಸುಧಾ ಫೋನ್ ಮಾಡಿದಳು.

"ಕರೆಂಟ್ ಬರೋವರೆಗೆ ಫೋನ್ ನೀವೇ ತಗೊಳ್ಳಿ. ಆದ್ರೆ ನನ್ನ ಕೇಳ್ದೆ ಹೊಸ ಬುಕಿಂಗ್ ಮಾತ್ರ ಒಪ್ಕೋಬೇಡಿ ಕಣ್ರೀ."

ಅರಸೀಕೆರೆಯೇ ಈಗ ರಾಜಧಾನಿ ಎಂದು ನಾನು ಘೋಷಿಸಿಕೊಂಡೆ. ಅಷ್ಟರಲ್ಲಿ ಮಾದಿಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರ ಕರೆ. ಭಾನುವಾರ ಮೊಮ್ಮಗಳ ನಾಮಕರಣ, ಇನ್ನೂರು ಕುರ್ಚಿ ಬೇಕಂತೆ. ಸಾಮಾನಿನ ಪಟ್ಟಿ ನೋಡಿದೆ. ನಮ್ಮಲ್ಲಿರುವ ಇನ್ನೂರೂ ಯಾರಿಗೂ ಮೀಸಲಾಗಿಲ್ಲ!

"ಕಳಿಸಿದ್ದೇ ಅಂದ್ಕೊಳ್ಳಿ ಮೇಷ್ಟ್ರೇ!" ಎಂದೆ. ಸುಧಾಳನ್ನು ಕೇಳುವುದೇ? ರಾಜಧಾನಿ ಯಾರನ್ನೂ ಕೇಳುವುದಿಲ್ಲ.

ಆದದ್ದಿಷ್ಟು. ಹಗರೆಯ ನಿಂಗೇಗೌಡರು ಅದೇ ಭಾನುವಾರ ನಡೆಯುವ ಮಗಳ ನಿಶ್ಚಿತಾರ್ಥಕ್ಕೆ ಶುಕ್ರವಾರ ಬೆಳಿಗ್ಗೆ ಪಾತ್ರೆ ಗೊತ್ತು ಮಾಡಿದ್ದರು, ಒಂದು ಗಂಟೆಗೆ ಕುರ್ಚಿಯನ್ನೂ ಸೇರಿಸಿದ್ದರು. ನನ್ನಲ್ಲಿದ್ದ ಬುಕಿಂಗ್ ನಕಲು ಮೂರು ಗಂಟೆಯದು. ಸಾಮಾನಿನ ನಕಲು ಹನ್ನೆರಡರದು. ಒಂದರಲ್ಲಿ ಗೌಡರಿಗೆ ಕುರ್ಚಿ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ನಾನು ನೋಡಿದ್ದು ಇಲ್ಲದ್ದನ್ನು!

ಇಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕರೆಂಟು ಬಂದ ತಕ್ಷಣ ನನ್ನ ಹಳೆಯ ಪಟ್ಟಿಯನ್ನೇ ಹಳೇಬೀಡಿಗೆ ತಿರುಗಿ ಕಳಿಸಿ, ಅಲ್ಲಿದ್ದ ಸರಿಯಾದ ಪಟ್ಟಿಯನ್ನು ಅಳಿಸಿಹಾಕಿದೆ. ಯಾರೂ ಹೇಳದೆಯೇ ಮಾಡಿದೆ. ಗೋಡೌನಿನವರು ಅದನ್ನೇ ನೋಡಿ ಕುರ್ಚಿಗಳನ್ನು ಮಾದಿಹಳ್ಳಿಗೆ ಕಳಿಸಿದರು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಗೌಡರ ಫೋನು.

"ಏನ್ ಸ್ವಾಮಿ, ಹಂಡೆ ಬಂದೈತೆ, ಕೊಪ್ಪರಿಗೆ ಬಂದೈತೆ, ಕುರ್ಚಿ ಎಲ್ಲೈತೆ? ಹತ್ತಕ್ಕೆ ಬೀಗರು ಬತ್ತಾರೆ. ಹಂಡೆ ಒಳಗೆ ಕೂರಿಸ್ಲಾ?"

ಮಗಳ ನಿಶ್ಚಿತಾರ್ಥದ ದಿನ ಬೀಗರ ಮುಂದೆ ಆ ಮನುಷ್ಯನ ಮರ್ಯಾದೆ ಹೋಗುವುದರಲ್ಲಿತ್ತು. ಸುಧಾಳಿಗೆ ಫೋನ್ ಮಾಡಿ ಎಲ್ಲವನ್ನೂ ಒಪ್ಪಿಸಿದೆ.

ಅವಳು ಬೈಯಲಿಲ್ಲ. ಅಂಗಡಿಯಲ್ಲಿದ್ದ ಜಮಖಾನಗಳನ್ನೆಲ್ಲ ಆಟೋಗೆ ತುಂಬಿಸಿಕೊಂಡು ತಾನೇ ಮಾದಿಹಳ್ಳಿಗೆ ಹೋದಳು. ಮೇಷ್ಟ್ರ ಎದುರು ನಿಂತು, "ತಪ್ಪು ನಮ್ಮದು ಸರ್. ಈ ಕುರ್ಚಿ ಹಗರೆಯವರು ಮೊದಲೇ ಗೊತ್ತು ಮಾಡಿದ್ದು. ತೊಟ್ಟಿಲ ಶಾಸ್ತ್ರ ಜಮಖಾನದ ಮೇಲೆ ಆಗ್ಲಿ, ಊಟದ ಹೊತ್ತಿಗೆ ಕುರ್ಚಿ ವಾಪಸ್ ತರಿಸ್ತೀನಿ" ಎಂದಳಂತೆ.

ಮೇಷ್ಟ್ರು ನಕ್ಕರಂತೆ. "ತಗೊಂಡ್ಹೋಗಮ್ಮ, ಪಾಪುಗೆ ಕುರ್ಚಿ ಯಾಕೆ? ಅದು ತೊಟ್ಟಿಲಲ್ಲಿ ಮಲಗಿರುತ್ತೆ."

ಹತ್ತಕ್ಕೆ ಐದು ನಿಮಿಷವಿರುವಾಗ ಲಾರಿಯಲ್ಲಿ ಕುರ್ಚಿಗಳು ಹಗರೆ ತಲುಪಿದವು. ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ಮಾದಿಹಳ್ಳಿಯಲ್ಲಿದ್ದವು.

ಮರುದಿನ ಸುಧಾ ನನ್ನನ್ನು ಕೂರಿಸಿಕೊಂಡು ಕೇಳಿದಳು: "ಒಂದು ಪಟ್ಟಿ ಮೂರು ಗಂಟೇದು, ಇನ್ನೊಂದು ಹನ್ನೆರಡರದು. ಎರಡನ್ನೂ ಹನ್ನೆರಡಕ್ಕೇ ನಿಲ್ಲಿಸಿದ್ರೆ ಏನಾಗ್ತಿತ್ತು?"

"ಪಟ್ಟಿ ಮೂರು ಗಂಟೆಯಷ್ಟು ಹಳೇದಾಗ್ತಿತ್ತು."

"ಆಗ್ಲಿ. ಹಳೇದಾದ್ರೂ ಎರಡೂ ಒಂದೇ ಮಾತು ಹೇಳ್ತಿದ್ವು. ಆಮೇಲೆ ಬುಕ್ ಮಾಡಿದ ನಾಲ್ಕು ಜನಕ್ಕೆ ಫೋನ್ ಮಾಡಿ ಕೇಳಿದ್ರೆ ಮುಗೀತಿತ್ತು."

ಕಂಪ್ಯೂಟರ್ ಪುಸ್ತಕಗಳನ್ನು ತಲೆದಿಂಬಿನಷ್ಟು ಎತ್ತರ ಪೇರಿಸಿಟ್ಟುಕೊಂಡ ನನಗೆ ಹೊಳೆಯದ್ದು, ಹಂಡೆ ಎಣಿಸುವ ಇವಳಿಗೆ ಹೊಳೆದಿತ್ತು! ಅವಳು ಬುಕಿಂಗ್ ಪಟ್ಟಿಯ ನಮೂದುಗಳಿಗೂ ಸಾಮಾನಿನ ಪಟ್ಟಿಯ ನಮೂದುಗಳಿಗೂ ಸೇರಿಸಿ ಒಂದೇ ಸಾಲಿನ ಕ್ರಮಸಂಖ್ಯೆ ಕೊಡಿಸಿದಳು. ಎರಡೂ ಊರಿನಿಂದ ಯಾವ ಸಂಖ್ಯೆಯವರೆಗೆ ಒಂದೂ ಬಿಡದೆ ಬಂದಿದೆಯೋ, ಅರಸೀಕೆರೆಯ ಪಟ್ಟಿ ಅಲ್ಲಿಯವರೆಗೆ ಮಾತ್ರ ತೆರೆಯುತ್ತದೆ. ಮುಂದಿನ ಸಲ ಕರೆಂಟು ಹೋದಾಗ ಒಂದು ಚಮಚವೂ ದಾರಿ ತಪ್ಪಲಿಲ್ಲ. ಗೆಂಡೆಹಳ್ಳಿಯಂಥ ಅಕ್ಕಪಕ್ಕದ ಊರಿನ ಗಿರಾಕಿಗಳೂ ಈಗ ಮದುವೆ ಗೊತ್ತಾದ ಕೂಡಲೇ ಅವಳ ಹೆಸರು ಹೇಳಿಯೇ ಫೋನ್ ಮಾಡುತ್ತಾರೆ.

ನನಗೂ ಹುದ್ದೆಯಿದೆ. ಬಂದವರಿಗೆ ಕಾಫಿ ಮಾಡುವುದು.

"ಸಕ್ಕರೆ ಹಾಕಿದ್ರಾ?" ಎಂದು ನಿನ್ನೆ ಕೇಳಿದಳು.

"ಹಾಕಿದೀನಿ," ಎಂದೆ, ಗಂಭೀರವಾಗಿ.

ಅವಳು ಚಮಚದಲ್ಲಿ ರುಚಿ ನೋಡಿ, ಸಕ್ಕರೆ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು.